ಪುತ್ತೂರು ಸೀಮೆಯ ಕ್ರೈಸ್ತರಲ್ಲಿ ಅನ್ಯೋನ್ಯತೆಯೂ ಸಭಾಶಿಸ್ತೂ

ದಕ್ಷಿಣ ಕನ್ನಡ ಜಿಲ್ಲೆಯ ಮೂಡಣ ಭಾಗವಾದ ಪುತ್ತೂರು, ಸುಳ್ಯ, ಕಡಬಗಳಲ್ಲಿ ಕ್ರೈಸ್ತಧರ್ಮದ ಮೂರು ಪರಂಪರೆಗಳು ಒತ್ತಿನೊತ್ತಿನಲ್ಲಿ ನೆಲಸಿವೆ. ಕೊಂಕಣಿಯಾಡುವ ರೋಮನ್ ಕಥೋಲಿಕರು ಮೊದಲಿನವರು. ಬಾಸೆಲ್ ಮಿಶನಿನ ಬೇರಿನಿಂದ ಬೆಳೆದ ಪ್ರಾಟೆಸ್ಟಂಟರು ಎರಡನೆಯವರು. ಇಪ್ಪತ್ತನೆಯ ಶತಮಾನದಲ್ಲಿ ತಿರುವಾಂಕೂರಿನ ಕಡೆಯಿಂದ ಬೇಸಾಯಕ್ಕೆಂದು ಬಂದು ಗುಡ್ಡಗಳಲ್ಲಿ ರಬ್ಬರು ತೋಟಗಳನ್ನೆಬ್ಬಿಸಿದ ಮಲೆಯಾಳಿ ಸುರಿಯಾನಿ ಕ್ರೈಸ್ತರು ಮೂರನೆಯವರು. ಈ ಕೊನೆಯವರಲ್ಲಿ ಸೀರೋ-ಮಲಬಾರ್ ಕಥೋಲಿಕರಿಗೆ 1999ರಲ್ಲಿ ಬೆಳ್ತಂಗಡಿಯಲ್ಲಿಯೂ, ಸೀರೋ-ಮಲಂಕರ ಕಥೋಲಿಕರಿಗೆ 2010ರಲ್ಲಿ ಪುತ್ತೂರಿನಲ್ಲಿಯೂ ಧರ್ಮಪ್ರಾಂತಗಳು ಏರ್ಪಟ್ಟುವು. ಭಾಷೆ, ಪೂಜಾವಿಧಿ, ಪೂರ್ವೇತಿಹಾಸ ಇವೆಲ್ಲ ಬೇರೆಯಾದರೂ, ತಪ್ಪಿನಡೆದ ಸಹೋದರನನ್ನು ಸಭೆಯು ಏನು ಮಾಡತಕ್ಕದ್ದು ಎಂಬ ಪ್ರಶ್ನೆ ಮೂವರಿಗೂ ಒಂದೇ.

ಗ್ರೀಕ್ ಭಾಷೆಯ ಕೊಯ್ನೊನಿಯ ಎಂಬ ಶಬ್ದಕ್ಕೆ ಕನ್ನಡ ಬೈಬಲು ಅನ್ಯೋನ್ಯತೆ ಎಂಬ ಶಬ್ದವನ್ನು ಬಳಸಿದೆ. ಮೂಲದ ಅರ್ಥ ಪಾಲುಗೊಳ್ಳುವಿಕೆ. ಕನ್ನಡದ ಶಬ್ದದಲ್ಲಿ ಪಾಲಿಗಿಂತ ಒಲವೇ ಮುಂದಾಗಿ ಕೇಳಿಸುತ್ತದೆ. ಆದರೆ ಆಚರಣೆಯಲ್ಲಿ ಪಾಲಿನ ಅರ್ಥ ಮರೆಯಾಗಿಲ್ಲ; ಅನ್ಯೋನ್ಯತೆಯ ಕುರುಹು ರೊಟ್ಟಿ ಮತ್ತು ದ್ರಾಕ್ಷಾರಸಗಳ ಭೋಜನವೇ, ಅದಕ್ಕೆ ತಪ್ಪಿದವನಿಗೆ ವಿಧಿಸುವ ಶಿಕ್ಷೆಯೂ ಆ ಭೋಜನದಿಂದ ದೂರವಿಡುವುದೇ. ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯವು ಇದಕ್ಕೆ ಕ್ರಮವನ್ನು ಹೇಳುತ್ತದೆ: ಮೊದಲು ಏಕಾಂತದಲ್ಲಿ ಬುದ್ಧಿ ಹೇಳಬೇಕು, ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿಗಳೊಡನೆ, ಆಮೇಲೆ ಸಭೆಯ ಮುಂದೆ, ಅಲ್ಲಿಯೂ ಕೇಳದಿದ್ದರೆ ಹೊರಗಿನವನೆಂದು ಎಣಿಸಬೇಕು. ತುಳುನಾಡಿನವರಿಗೆ ಈ ಕೊನೆಯ ಹಂತವನ್ನು ವಿವರಿಸಿ ಹೇಳಬೇಕಾದುದೇ ಇರಲಿಲ್ಲ. ಪಂಕ್ತಿಯಿಂದ ಎಬ್ಬಿಸುವುದು, ಕೊಡುಕೊಳೆ ನಿಲ್ಲಿಸುವುದು, ತಪ್ಪುಕಾಣಿಕೆ ಕಟ್ಟಿಸಿಕೊಂಡು ಮರಳಿ ಸೇರಿಸುವುದು ಜಾತಿಕಟ್ಟಿನಲ್ಲಿ ಬಳಕೆಯಲ್ಲಿದ್ದ ಸಂಗತಿಗಳೇ. ಹೊಸದಾಗಿದ್ದುದು ಮೊದಲಿನ ಹಂತ: ಬಹಿರಂಗಕ್ಕೆ ಮುನ್ನ ಏಕಾಂತ.

ರೋಮನ್ ಕಥೋಲಿಕರಲ್ಲಿ ಈ ಏಕಾಂತಕ್ಕೆ ಕುಮ್ಸಾರ್ ಎಂಬ ಪಾಪನಿವೇದನೆಯ ಸಂಸ್ಕಾರವುಂಟು; ನೆರೆಹೊರೆಯ ವ್ಯಾಜ್ಯಗಳು ಪಾದ್ರಿಯವರೆಗೆ ಹೋಗುವ ಮೊದಲು ವಾಡೆಯ ಗುರ್ಕಾರನಲ್ಲಿ ವಿಚಾರಣೆಯಾಗುವ ಪದ್ಧತಿಯೂ ಮಂಗಳೂರಿನ ಕಥೋಲಿಕರಲ್ಲಿ ಹಳೆಯದು. ಸುರಿಯಾನಿಗಳಲ್ಲಿ ಕುಟುಂಬಗಳ ಯಜಮಾನರು ಪಾದ್ರಿಯೊಡನೆ ಕಲೆಯುವ ಪಳ್ಳಿಯೋಗಕ್ಕೆ ಹಿಂದಿನಿಂದಲೂ ಬಲವಿತ್ತು. ಇಲ್ಲಿ ವಿದ್ವಾಂಸರು ಗಮನಿಸತಕ್ಕ ಒಂದು ಸಂಗತಿಯಿದೆ. ಕಡಬದ ಒಂದೇ ಬೀದಿಯ ಇಬ್ಬರು ಕಥೋಲಿಕರು, ಪೋಪರನ್ನೇ ಇಬ್ಬರೂ ಒಪ್ಪಿದರೂ, ಬೇರೆಬೇರೆ ಧರ್ಮಸಂಹಿತೆಗಳಿಗೆ ಒಳಪಟ್ಟವರಾಗಿರಬಹುದು. ಲ್ಯಾಟಿನ್ ವಿಧಿಯವನಿಗೆ 1983ರ ಸಂಹಿತೆ, ಸುರಿಯಾನಿ ವಿಧಿಯವನಿಗೆ 1990ರ ಪೌರಸ್ತ್ಯ ಸಂಹಿತೆ. ಮೊದಲನೆಯದರಲ್ಲಿ ಕೆಲವು ಘೋರಾಪರಾಧಗಳಿಗೆ ಯಾರೂ ತೀರ್ಪು ಹೇಳದೆಯೇ ಬಹಿಷ್ಕಾರವು ತಾನಾಗಿ ತಗಲುತ್ತದೆ. ಎರಡನೆಯದರಲ್ಲಿ ಅಂಥ ದಂಡನೆಯೇ ಇಲ್ಲ, ಅಧಿಕಾರಿಯು ವಿಧಿಸಿದ ಹೊರತು ಯಾರೂ ಬಹಿಷ್ಕೃತರಲ್ಲ. ಭೋಜನವೊಂದರಿಂದ ಮಾತ್ರ ದೂರವಿಡುವ ಲಘು ಬಹಿಷ್ಕಾರವನ್ನು ಲ್ಯಾಟಿನ್ ವಿಧಿಯು 1869ರಲ್ಲಿಯೇ ಕೈಬಿಟ್ಟಿತು. ಪೌರಸ್ತ್ಯ ಸಂಹಿತೆಯಲ್ಲಿ ಅದು ಇಂದಿಗೂ ಇದೆ.

ಸಭಾಶಿಸ್ತಿನ ಕಠಿನ ಸಮಸ್ಯೆ ಕಾಣಿಸಿಕೊಂಡುದು ಬಾಸೆಲ್ ಮಿಶನಿನಲ್ಲಿ. ಹೆಬಿಖ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದುದು 1834ರ ಅಕ್ಟೋಬರ್ ತಿಂಗಳಲ್ಲಿ. ಅದೇ ವರ್ಷ ಕಂಪೆನಿ ಸರಕಾರವು ಕೊಡಗಿನ ಅರಸರ ಕೈಕೆಳಗಿದ್ದ ಅಮರಸುಳ್ಯವನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಬಂದವರಲ್ಲಿ ಬಹುಮಂದಿ ಜರ್ಮನಿಯ ವ್ಯುರ್ಟೆಂಬೆರ್ಗ್ ಪ್ರಾಂತದ ಭಕ್ತಿಪಂಥದವರು, ನಡತೆಯ ವಿಷಯದಲ್ಲಿ ಬಹು ಕಟ್ಟುನಿಟ್ಟು. ಸಭೆಯ ಹಿರಿಯರು ಪಾದ್ರಿಯೊಡನೆ ಕುಳಿತು ವಿಚಾರಣೆ ನಡೆಸುತ್ತಿದ್ದರು. ಕುಡಿತ, ಸಭೆಯ ನಿಯಮಕ್ಕೆ ಹೊರತಾದ ಮದುವೆ, ಭೂತದ ನೇಮಕ್ಕೆ ಹೋದುದು ಮುಖ್ಯ ಅಪರಾಧಗಳು. ಎಚ್ಚರಿಕೆ, ಕರ್ತನ ಭೋಜನದಿಂದ ನಿಲ್ಲಿಸುವುದು, ಸಭೆಯಿಂದ ಹೊರಹಾಕುವುದು ಶಿಕ್ಷೆಯ ಮೆಟ್ಟಲುಗಳು. ತಪ್ಪೊಪ್ಪಿಕೊಂಡವನಿಗೆ ಬಾಗಿಲು ತೆರೆದಿತ್ತು.

ದೀಕ್ಷೆ ಪಡೆದವರಲ್ಲಿ ಹೆಚ್ಚಿನವರು ಬಿಲ್ಲವರು, ಅವರಲ್ಲಿ ಅನೇಕರದು ಮೂರ್ತೆಯ ಕಸುಬು. ಕಳ್ಳಿಳಿಸುವುದು ಕ್ರೈಸ್ತನಿಗೆ ತಕ್ಕುದಲ್ಲವೆಂದು ಮಿಶನು ತೀರ್ಮಾನಿಸಿದುದರಿಂದ ಮರವೇರುವ ಕತ್ತಿಯನ್ನು ಕೆಳಗಿಟ್ಟವನಿಗೆ ಮರುದಿನದ ಗಂಜಿಯೇ ಪ್ರಶ್ನೆಯಾಯಿತು. ಅಳಿಯಸಂತಾನದ ಕುಟುಂಬದಲ್ಲಿ ಅವನ ಹಕ್ಕು 1850ರ ಕಾಯಿದೆಯಿಂದ ಕಾಗದದಲ್ಲಿ ಉಳಿದರೂ ಆಸ್ತಿಯು ಅವಿಭಾಜ್ಯವಾಗಿದ್ದುದರಿಂದ ಪಾಲು ಕೇಳುವಂತಿರಲಿಲ್ಲ. ಹಾಗಾಗಿ ಮಿಶನು ತಾನೇ ಕೆಲಸ ಹುಟ್ಟಿಸಬೇಕಾಯಿತು. 1851ರಲ್ಲಿ ಬಂದ ಹಾಲರನ ಮೇಲ್ವಿಚಾರಣೆಯಲ್ಲಿ ನೆಯ್ಗೆ ಬೆಳೆಯಿತು, 1865ರಲ್ಲಿ ಪ್ಲೆಬ್ಸ್ಟನು ಹಂಚಿನ ಕಾರ್ಖಾನೆಯನ್ನು ತೆರೆದನು. ಮಂಗಳೂರು ಹಂಚಿನ ಕೀರ್ತಿಯನ್ನು ಹೇಳುವವರು ಅದರ ಮೂಲದಲ್ಲಿ ಸಭಾಶಿಸ್ತಿನ ಒಂದು ನಿಯಮವೂ ಇತ್ತೆಂಬುದನ್ನು ಸಾಮಾನ್ಯವಾಗಿ ಮರೆಯುತ್ತಾರೆ.

ಆದರೆ ಈ ಉಪಕಾರದಿಂದಲೇ ತೊಡಕೂ ಹುಟ್ಟಿತು. ಬುದ್ಧಿ ಹೇಳುವ ಸಭೆಯೂ ಕೂಲಿ ಕೊಡುವ ಕಾರ್ಖಾನೆಯೂ ಮನೆ ಕಟ್ಟಿಕೊಳ್ಳಲು ನೆಲವಿತ್ತ ಧಣಿಯೂ ಒಂದೇ ಮಿಶನಾದಾಗ, ಭೋಜನದಿಂದ ನಿಲ್ಲಿಸಲ್ಪಟ್ಟವನು ಅನ್ನಕ್ಕೂ ಅಂಜಬೇಕಾಗುತ್ತದೆ. ಅಂಥವನ ಪಶ್ಚಾತ್ತಾಪದಲ್ಲಿ ಭಕ್ತಿಯೆಷ್ಟು ಭಯವೆಷ್ಟು ಎಂಬುದನ್ನು ಹಿರಿಯರು ತೂಗಿ ನೋಡುವುದು ಅಸಾಧ್ಯ. ಜಾತಿಯ ಕಟ್ಟನ್ನು ಕಳಚಿಕೊಂಡು ಬಂದವನಿಗೆ ಇದು ಅದಕ್ಕಿಂತಲೂ ಬಿಗಿಯಾದ ಕಟ್ಟಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಮಿಶನಿನವರು ಕಪಟಿಗಳಾಗಿದ್ದರೆಂದು ಇದರಿಂದ ಹೇಳುವಂತಿಲ್ಲ; ಅವರ ಕಟ್ಟುನಿಟ್ಟು ತಮ್ಮ ಮೇಲೆಯೂ ಇದ್ದಿತು, ಜಾತಿಭೇದವಿಲ್ಲದೆ ಎಲ್ಲರನ್ನೂ ಒಂದೇ ಭೋಜನಕ್ಕೆ ಕುಳ್ಳಿರಿಸಿದುದೂ ಆ ಕಟ್ಟುನಿಟ್ಟಿನಿಂದಲೇ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನರು ಇಲ್ಲಿಂದ ತೆರಳಬೇಕಾಯಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದುವು. ಅಂದಿನಿಂದ ಸಭೆಯ ಹಿರಿಯರ ಕೈಯಲ್ಲಿ ಉಳಿದುದು ರೊಟ್ಟಿಯೂ ಪಾತ್ರೆಯೂ ಮಾತ್ರ. ಪುತ್ತೂರು, ಕಡಬಗಳಲ್ಲಿ ಇಂದು ಒಂದು ಸಭೆಯೊಡನೆ ಮುನಿದವನಿಗೆ ಕೂಗಳತೆಯಲ್ಲಿಯೇ ಇನ್ನೊಂದು ಆರಾಧನಾಲಯದ ಗಂಟೆ ಕೇಳಿಸುತ್ತದೆ. ಅವನನ್ನು ಮರಳಿ ಕರೆಯಬೇಕಾದರೆ ಹಿರಿಯರು ಮತ್ತಾಯನು ಹೇಳಿದ ಮೊದಲನೆಯ ಹಂತದಂತೆ ಅವನ ಮನೆಯ ಜಗಲಿಗೆ ತಾವೇ ನಡೆದುಹೋಗಬೇಕಾಗಿದೆ.