ಬರಸಾತಿಯಲ್ಲೊಂದು ಅಟ್ಟ

ಹಿಂದೆ ದೆಹಲಿಗೆ ಕೆಲಸಕ್ಕೆಂದು ಬಂದಿಳಿದ ಕನ್ನಡಿಗರು ಬೇಗ ಕಲಿಯುತ್ತಿದ್ದ ಹಿಂದಿ ಪದಗಳಲ್ಲಿ ‘ಬರಸಾತಿ’ಯೂ ಒಂದು. ಬರಸಾತ್ ಎಂದರೆ ಮಳೆ. ಬೇಸಿಗೆಯಲ್ಲಿ ಮನೆಮಂದಿಯೆಲ್ಲ ತಾರಸಿಯ ಮೇಲೆ ಚಾರ್‌ಪಾಯಿ ಹಾಕಿಕೊಂಡು ಮಲಗುತ್ತಿದ್ದ ಕಾಲದಲ್ಲಿ, ನಡುರಾತ್ರಿ ಮಳೆ ಸುರಿದರೆ ಹಾಸಿಗೆ ಸುತ್ತಿಕೊಂಡು ಓಡಿ ಸೇರಿಕೊಳ್ಳಲು ಕಟ್ಟಿದ ಪುಟ್ಟ ಕೋಣೆ ಅದು. ಆಮೇಲೆ ಅದೇ ಕೋಣೆ ಬ್ರಹ್ಮಚಾರಿಗಳಿಗೆ, ಪತ್ರಕರ್ತರಿಗೆ, ಚಿತ್ರಕಲಾವಿದರಿಗೆ ಅಗ್ಗದ ಬಾಡಿಗೆಯ ಮನೆಯಾಯಿತು. 1981ರಲ್ಲಿ ಬಂದ ಸಾಯಿ ಪರಾಂಜಪೆಯವರ ‘ಚಶ್ಮೆ ಬದ್ದೂರ್’ ನೋಡಿದವರಿಗೆ ಆ ಮೂವರು ಗೆಳೆಯರ ಕೋಣೆ ನೆನಪಿರಬಹುದು. ಈಗ ಹಳೆಯ ಮನೆಗಳನ್ನು ಕೆಡವಿ ಬಿಲ್ಡರ್ ಫ್ಲೋರ್ ಎಬ್ಬಿಸುವ ಭರದಲ್ಲಿ ಬರಸಾತಿಗಳು ಒಂದೊಂದಾಗಿ ಮಾಯವಾಗುತ್ತಿವೆ.

ಜಂಗಪುರದಲ್ಲಿ ನಾವಿರುವ ಬಾಡಿಗೆ ಮನೆಯ ನೆತ್ತಿಯ ಮೇಲೆ ಇಂಥದ್ದೊಂದು ಉಳಿದಿದೆ. ಹತ್ತಡಿಗೆ ಹನ್ನೊಂದಡಿ. ಇಷ್ಟು ವರ್ಷ ಅದು ನಮ್ಮ ಹಳೆಯ ಕೂಲರ್, ಸೂಟ್‌ಕೇಸ್, ಮಗಳ ಮುರಿದ ಸೈಕಲ್ಲಿನ ಗೋದಾಮು. ಕಳೆದ ಚಳಿಗಾಲಕ್ಕೆ ಅದನ್ನು ಮಲಗುವ ಕೋಣೆ ಮಾಡಲೇಬೇಕಾಗಿ ಬಂತು, ಏಕೆಂದರೆ ಸಾಗರದ ಕಡೆಯ ನಮ್ಮ ಊರ ಮನೆಯನ್ನು ಕೆಡವುವುದೆಂದು ತೀರ್ಮಾನವಾಗಿತ್ತು.

ತಮ್ಮನನ್ನು ದೂರುವಂತಿಲ್ಲ. ಮಂಗಗಳು ಹೆಂಚು ಒಡೆಯುವುದು, ಪ್ರತಿ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಲು ಜನ ಸಿಗದಿರುವುದು, ತೊಲೆಗೆ ಗೆದ್ದಲು ಹಿಡಿದಿರುವುದು, ಎಲ್ಲವೂ ನಿಜ. ವರ್ಷಕ್ಕೊಮ್ಮೆ ಹೋಗಿ ಫೋಟೊ ತೆಗೆದುಕೊಂಡು ಬರುವ ನಾನು ‘ಹಳೆ ಮನೆ ಉಳಿಸು’ ಎನ್ನುವುದು ಸುಲಭ. ಸೋರುವ ಜಾಗಕ್ಕೆ ಪಾತ್ರೆ ಇಡುವವನು ಅವನು. ಆದರೆ ತಾರಸಿ ಮನೆ ಏಳುವ ತನಕ ಅಪ್ಪಯ್ಯ ಎಲ್ಲಿರಬೇಕು? ಎಪ್ಪತ್ತಾರು ವಯಸ್ಸು. ದೆಹಲಿ ಎಂದರೆ ಅವರಿಗೆ ಹೊಗೆ ಮತ್ತು ಚಪಾತಿ. ಬಹಳ ಹೇಳಿದ ಮೇಲೆ ಫೋನಿನಲ್ಲಿ ಒಂದೇ ಮಾತು: “ಮಲಗೋಕೆ ನಿಮ್ಮನೇಲಿ ಅಟ್ಟ ಉಂಟಾ?”

ಅಪ್ಪಯ್ಯನಿಗೆ ಅಟ್ಟವೆಂದರೆ ಸಾಮಾನು ತುರುಕುವ ಜಾಗವಲ್ಲ. ಮಲೆನಾಡಿನ ಮನೆಗಳಲ್ಲಿ ಕೆಳಗೆ ಒಲೆ ಉರಿಯುತ್ತಿದ್ದರೆ ಮೇಲೆ ಅಟ್ಟ ಬೆಚ್ಚಗಿರುತ್ತದೆ. ಅಡಿಕೆ ಮೂಟೆ, ಬೀಜದ ಭತ್ತ, ಹಲಸಿನ ಹಪ್ಪಳದ ಡಬ್ಬ, ಎಲ್ಲಕ್ಕೂ ಅದೇ ಹೊಗೆಯ ರಕ್ಷಣೆ. ಮಳೆಗಾಲದ ನಾಲ್ಕು ತಿಂಗಳು ಹುಳ ಬೀಳದಂತೆ, ಬೂಸ್ಟು ಹಿಡಿಯದಂತೆ ಕಾಯುವುದು ಆ ಹೊಗೆ. ಮೂಟೆಗಳ ಪಕ್ಕ ಚಾಪೆ ಹಾಸಿಕೊಂಡು ಅಪ್ಪಯ್ಯ ಮದುವೆಯಾಗುವ ತನಕ ಮಲಗಿದ್ದರಂತೆ. ನೆತ್ತಿಯ ಮೇಲೆ ಒಂದು ಗಾಜಿನ ಹೆಂಚು. ಬೆಳಗಾಯಿತೆಂದು ಹೇಳಲು ಗಡಿಯಾರ ಬೇಕಿರಲಿಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಹುಲ್ಲಿನ, ಅಡಿಕೆ ಸೋಗೆಯ ಮಾಡುಗಳೆಲ್ಲ ನಿಧಾನಕ್ಕೆ ಕೆಂಪಾದವು. ನಮ್ಮ ಮನೆಯ ಮಾಡು ಕೆಂಪಾದದ್ದು ಅಜ್ಜನ ಕಾಲದಲ್ಲಿ.

ಸರಿ, ಅಟ್ಟ ಮಾಡೋಣ ಎಂದು ನಾನು ಮೊದಲು ಮಾಡಿದ್ದು ದಡ್ಡತನ. ‘ಹಳ್ಳಿಮನೆ ಲುಕ್’ ಎಂದು ಅಂಗಡಿಯಿಂದ ತಗಡಿನ ಲಾಟೀನು, ಬೇಕೆಂದೇ ಬಣ್ಣ ಕೆರೆದು ಹಳತು ಮಾಡಿದ ಏಣಿ, ಗೋಡೆಗೆ ಹಾಕಲು ಮೊರ, ಎಲ್ಲ ತಂದೆ. ಕೋಣೆ ಹೋಟೆಲಿನ ಮೂಲೆಯಂತೆ ಕಾಣತೊಡಗಿತು. ನಮ್ಮವರು ಬಾಗಿಲಲ್ಲಿ ನಿಂತು, “ಮೆನು ಕಾರ್ಡ್ ಎಲ್ಲಿ?” ಎಂದರು. ಅಷ್ಟೂ ವಾಪಸ್ ಹೋಯಿತು, ಮೊರ ಒಂದನ್ನು ಬಿಟ್ಟು. ಅದು ಅಡುಗೆಮನೆಗೆ ಬಂತು.

ಬರಸಾತಿಯ ನಿಜವಾದ ಸಮಸ್ಯೆ ಅಲಂಕಾರವಲ್ಲ, ಮಾಡು. ಹೆಂಚಿನ ಸಂದಿಗಳಲ್ಲಿ ಗಾಳಿ ಆಡುತ್ತದೆ. ಕಾಂಕ್ರೀಟು ಹಾಗಲ್ಲ. ಮೇ ತಿಂಗಳಲ್ಲಿ ಹಗಲಿಡೀ ಬಿಸಿಲು ಕುಡಿದು ರಾತ್ರಿಯಿಡೀ ಕಕ್ಕುತ್ತದೆ, ಜನವರಿಯಲ್ಲಿ ಮಂಜುಗಡ್ಡೆಯಾಗುತ್ತದೆ. ಹಳೆಯ ದೆಹಲಿಯ ಮೇಸ್ತ್ರಿಗಳು ಇದಕ್ಕೆ ‘ಮಿಟ್ಟಿ ಫುಸ್ಕಾ’ ಎನ್ನುವ ಉಪಾಯ ಕಂಡುಕೊಂಡಿದ್ದರು. ಸ್ಲ್ಯಾಬಿನ ಮೇಲೆ ಹುಲ್ಲು ಬೆರೆಸಿದ ಮಣ್ಣನ್ನು ದಪ್ಪಗೆ ಹಾಸಿ, ಅದರ ಮೇಲೆ ಇಟ್ಟಿಗೆಯ ಬಿಲ್ಲೆ ಕೂರಿಸುವುದು. ನಮ್ಮ ಬರಸಾತಿಯ ಮೇಲೆ ಅದು ಅರ್ಧ ಕಿತ್ತುಹೋಗಿತ್ತು. ಮನೆಯ ಯಜಮಾನರ ಒಪ್ಪಿಗೆ ಪಡೆದು ರಿಪೇರಿ ಮಾಡಿಸಿದೆವು. ಖರ್ಚಿನ ದೊಡ್ಡ ಪಾಲು ಹೋದದ್ದು ಕಣ್ಣಿಗೇ ಕಾಣದ ಈ ಕೆಲಸಕ್ಕೆ. ಎರಡನೆಯದು ಮೆಟ್ಟಿಲಿಗೆ ಎರಡೂ ಬದಿ ರೇಲಿಂಗ್, ರಾತ್ರಿ ತಾನೇ ಹೊತ್ತಿಕೊಳ್ಳುವ ಬಲ್ಬು. ಮೇಲಿನ ಬಚ್ಚಲು ಹೇಗೂ ತಾರಸಿಯಲ್ಲೇ ಇತ್ತು. ಅದಿಲ್ಲದಿದ್ದರೆ ವಯಸ್ಸಾದವರನ್ನು ಮೇಲೆ ಮಲಗಿಸುವ ಯೋಚನೆಯೇ ಮಾಡುತ್ತಿರಲಿಲ್ಲ.

ಮಿಕ್ಕಿದ್ದು ಬೇಗ ಮುಗಿಯಿತು. ಗೋಡೆಗೆ ಸುಣ್ಣ. ಬಿಳಿ ಟ್ಯೂಬ್‌ಲೈಟ್ ತೆಗೆದು ತಲೆದಿಂಬಿನ ಪಕ್ಕ ಹಳದಿ ಬೆಳಕಿನ ದೀಪ. ಬಾಗಿಲಿಗೆ ಬಿದಿರಿನ ಚಿಕ್ಕು, ನೆಲಕ್ಕೆ ಪಾಣಿಪತ್ತಿನ ದರಿ, ಕೂರಲು ಗುರುಗ್ರಾಮದ ರಸ್ತೆ ಬದಿಯಲ್ಲಿ ಮಾರುವ ಜೊಂಡಿನ ಮೂಢಾ. ಮಂಚ ತಗ್ಗು, ಚಾವಣಿ ಮೇಲೆ ಬಿದ್ದಂತೆ ಅನ್ನಿಸದಿರಲಿ ಎಂದು. ಹೊದಿಯಲು ಜೈಪುರದ ರಜಾಯಿ, ಅದರ ಮೇಲೆ ಅಮ್ಮನ ಆರು ಹತ್ತಿ ಸೀರೆಗಳ ಕೌದಿ. ಅಮ್ಮ ಹೋಗಿ ಒಂಬತ್ತು ವರ್ಷವಾದರೂ ಆ ಸೀರೆಗಳಿಗೆ ಕತ್ತರಿ ಹಾಕಲು ಧೈರ್ಯ ಬಂದಿರಲಿಲ್ಲ. ಧಾರವಾಡದ ಕಡೆಯ ಗೆಳತಿ, “ಕೌದಿ ಅಂದ್ರ ಕತ್ತರಸೂದಲ್ಲವಾ, ಕೂಡಸೂದು” ಎಂದು ಅವಳೇ ಹೊಲಿಯಲು ಕೂತಳು.

ಅಪ್ಪಯ್ಯ ಡಿಸೆಂಬರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಬಂದರು. ಕೋಣೆ ನೋಡಿ, “ಎಂಥ ಅಟ್ಟ ಮಾರಾಯ್ತಿ ಇದು, ಹೊಗೆ ವಾಸನೇನೇ ಇಲ್ಲ” ಎಂದರು. ಕೌದಿಯ ಮೇಲೆ ಕೈಯಾಡಿಸಿದರು, ಏನೂ ಹೇಳಲಿಲ್ಲ. ಆಮೇಲೆ ಹಳೆ ಪಂಚೆಯಲ್ಲಿ ಸುತ್ತಿದ್ದ ಗಂಟು ಬಿಚ್ಚಿದರು. ಗಾಜಿನ ಹೆಂಚು. ಮಾಡು ಇಳಿಸುವ ಮುಂಚೆಯೇ ತೆಗೆಸಿ, ಎರಡು ರಾತ್ರಿ ರೈಲಿನಲ್ಲಿ ತಲೆದಿಂಬಿನ ಪಕ್ಕ ಇಟ್ಟುಕೊಂಡು ತಂದಿದ್ದರು.

ಕಾಂಕ್ರೀಟಿನ ಮಾಡಿಗೆ ಹೆಂಚು ಎಲ್ಲಿ ಹಾಕುವುದು? ಪೂರ್ವದ ಗೋಡೆಯಲ್ಲಿ ಹಳೆಯ ಕಾಲದ ರೋಶನ್‌ದಾನ ಇತ್ತು, ಪಾರಿವಾಳ ನುಗ್ಗದಂತೆ ಯಾರೋ ರಟ್ಟು ಜಡಿದಿದ್ದರು. ಬಡಗಿ ಅಳತೆಗೆ ಚೌಕಟ್ಟು ಮಾಡಿ ಹೆಂಚನ್ನು ಅಲ್ಲಿ ಕೂರಿಸಿದ. ಮಂಜು ಸರಿದ ದಿನ, ಎಂಟೂವರೆಯ ಹೊತ್ತಿಗೆ, ಅಂಗೈಯಗಲದ ಬಿಸಿಲು ಕೌದಿಯ ಮೇಲೆ ಬೀಳುತ್ತಿತ್ತು.

ಒಂದು ವಿಷಯಕ್ಕೆ ಮಾತ್ರ ಜಗಳವಾಯಿತು. ಚಳಿ ನಾಲ್ಕು ಡಿಗ್ರಿಗೆ ಇಳಿದಾಗ ಅಪ್ಪಯ್ಯ ಅಗ್ಗಿಷ್ಟಿಕೆ ಕೇಳಿದರು. ಕೆಳಗೆ ಇಸ್ತ್ರಿಯವನ ಹತ್ತಿರ ಕೆಂಡಕ್ಕೂ ಹೇಳಿಟ್ಟಿದ್ದರು. ಮುಚ್ಚಿದ ಕೋಣೆಯಲ್ಲಿ ಅಂಗೀಠಿ ಇಟ್ಟು ಮಲಗಿ ಕಾರ್ಬನ್ ಮೊನಾಕ್ಸೈಡಿನಿಂದ ಸತ್ತವರ ಸುದ್ದಿ ಇಲ್ಲಿ ಪ್ರತಿ ಚಳಿಗಾಲ ಬರುತ್ತದೆ. ಆ ಅನಿಲಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲೇ ಮುಗಿಸುತ್ತದೆ. “ನಮ್ಮ ಅಟ್ಟದಲ್ಲಿ ಯಾರು ಸತ್ತಿದ್ದರು?” ಎಂದು ಅವರ ವಾದ. “ಅಲ್ಲಿ ಹೆಂಚಿನ ಸಂದಿ ಇತ್ತು ಅಪ್ಪಯ್ಯ, ಇಲ್ಲಿ ಇಲ್ಲ” ಎಂದೆ. ಮಾಡನ್ನೇ ನೋಡುತ್ತ ಸ್ವಲ್ಪ ಹೊತ್ತು ಕೂತರು, ಒಪ್ಪಿದರು. ಆಯಿಲ್ ಹೀಟರ್ ಬಂತು, ಕಿಟಕಿ ಎರಡು ಬೆರಳಿನಷ್ಟು ತೆರೆದೇ ಇತ್ತು.

ಹಗಲು ತಾರಸಿಯ ಬಿಸಿಲಿನಲ್ಲಿ ಮೂಢಾ ಹಾಕಿಕೊಂಡು ಕಡಲೆಕಾಯಿ ಸುಲಿಯುತ್ತ ಪಕ್ಕದ ತಾರಸಿಯ ಪಂಜಾಬಿ ಅಜ್ಜನ ಜೊತೆ ಹರಟೆ. ಇವರಿಗೆ ಹಿಂದಿ ಬಾರದು, ಅವರಿಗೆ ಕನ್ನಡ ಬಾರದು. ಮೂರು ತಿಂಗಳು ಏನು ಮಾತಾಡಿದರೋ ಇಬ್ಬರಿಗೇ ಗೊತ್ತು.

ಹೋಳಿಗೆ ಮುಂಚೆ ಅಪ್ಪಯ್ಯ ಹೊರಟರು. ಹೊಸ ಮನೆಗೆ ತಮ್ಮ ಮೇಲಿನ ಕೋಣೆ ಹಾಕಿಸಿದ್ದಾನೆ, ಅಟಾಚ್ಡ್ ಬಾತ್‌ರೂಮ್ ಸಮೇತ. ಹೆಂಚನ್ನು ತೆಗೆಸಿಕೊಡಲೇ ಎಂದು ಕೇಳಿದೆ. ಬೇಡ ಎಂದರು. ಈಗ ಮಗಳು ಪುಸ್ತಕ ಹೊತ್ತುಕೊಂಡು ಆ ಕೋಣೆ ಸೇರಿದ್ದಾಳೆ. ಮೊನ್ನೆ ಫೋನಿನಲ್ಲಿ ಅಪ್ಪಯ್ಯ ಅವಳಿಗೆ ಹೇಳುತ್ತಿದ್ದರು: “ಬಿಸಿಲು ಜೋರಾಯ್ತಲ್ಲ, ಹೆಂಚಿಗೆ ಒಳಗಿನಿಂದ ಕಾಗದ ಅಂಟಿಸು. ಮಳೆ ಶುರುವಾದ ಕೂಡಲೇ ತೆಗಿ, ಮರೀಬೇಡ.”