ಕನಸಿಗೆ ಸಾಕ್ಷಿ ಯಾರು?

ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನಲ್ಲಿ, ಘಟಪ್ರಭಾ ನದಿಯ ದಂಡೆಯ ಮೇಲೆ, ದಡ್ಡಿ ಎಂಬ ಊರಿದೆ. ನದಿಯು ಇಲ್ಲಿಂದ ಮುಂದೆ ಹರಿದು ಹಿಡಕಲ್ ಜಲಾಶಯವನ್ನು ಸೇರುತ್ತದೆ. ಜಲಾಶಯ ತುಂಬಿದಾಗ ಹುನ್ನೂರಿನ ಹಳೆಯ ವಿಠ್ಠಲ ದೇವಾಲಯವು ನೀರಿನಲ್ಲಿ ಮುಳುಗಿ ಕಾಣದಂತಾಗುವುದು. ನೀರು ತೀರ ಇಳಿದಾಗ ಮತ್ತೆ ತಲೆಯೆತ್ತುವುದು. ಕಾಣಲಿಲ್ಲವೆಂದ ಮಾತ್ರಕ್ಕೆ ಅದು ಇರಲಿಲ್ಲವೆಂದು ಯಾರೂ ಹೇಳರು. ಏಕೆಂದರೆ ಅದನ್ನು ಕಂಡವರು ಹಲವರು. ಕನಸಿನ ವಿಷಯ ಹಾಗಲ್ಲ. ಅದನ್ನು ಕಂಡವನು ಒಬ್ಬನೇ, ಸಾಕ್ಷಿ ನುಡಿಯುವವನೂ ಅವನೊಬ್ಬನೇ.

ಕಳೆದ ಬೇಸಗೆಯಲ್ಲಿ ದಡ್ಡಿಯಲ್ಲಿ ಕೆಲವು ಮಂದಿ ಕಾಲೇಜು ವಿದ್ಯಾರ್ಥಿಗಳ ನಡುವೆ ಒಂದು ಸಂಜೆ ಕಳೆಯುವ ಅವಕಾಶ ನಮಗೆ ದೊರೆಯಿತು. ಅವರಲ್ಲಿ ಬಿರುಸಿನ ವಾದ ನಡೆದಿತ್ತು. ವಾದದ ವಸ್ತು ಪವನ್ ಕುಮಾರರು ನಿರ್ದೇಶಿಸಿದ, 2013ರಲ್ಲಿ ತೆರೆಕಂಡ ‘ಲೂಸಿಯಾ’ ಎಂಬ ಕನ್ನಡ ಚಿತ್ರ. ಅದರ ಕೊನೆಯನ್ನು ಒಪ್ಪುವವರದು ಒಂದು ಪಂಗಡ, ಒಪ್ಪದವರದು ಇನ್ನೊಂದು. ಕತ್ತಲಾದರೂ ತೀರ್ಮಾನವಾಗಲಿಲ್ಲ. ಅಂಥ ವಾದವನ್ನು ತೀರ್ಮಾನಿಸಲು ವಿಜ್ಞಾನ ಏನಾದರೂ ನೆರವಾದೀತೆ ಎಂಬುದನ್ನು ಇಲ್ಲಿ ವಿವೇಚಿಸೋಣ. ಚಿತ್ರವನ್ನು ಇನ್ನೂ ನೋಡದವರು, ಕಥೆಯ ಗುಟ್ಟು ಮುಂದೆ ಬಯಲಾಗುವುದರಿಂದ, ನೋಡಿ ಬಂದು ಓದುವುದು ಲೇಸು.

ಎರಡು ಚಿತ್ರಗಳು, ಎರಡು ನಿಯಮಗಳು

‘ಲೂಸಿಯಾ’ ನೂರಕ್ಕೂ ಹೆಚ್ಚು ಜನರು ಕೈಯಿಂದ ಹಣ ಹಾಕಿ ನಿರ್ಮಿಸಿದ ಚಿತ್ರ. ಸತೀಶ್ ನೀನಾಸಂ ಮತ್ತು ಶ್ರುತಿ ಹರಿಹರನ್ ಅದರ ಮುಖ್ಯ ನಟರು. ಬೆಂಗಳೂರಿನ ಒಂದು ಚಿತ್ರಮಂದಿರದಲ್ಲಿ ಟಾರ್ಚು ಹಿಡಿದು ಪ್ರೇಕ್ಷಕರಿಗೆ ಕುರ್ಚಿ ತೋರಿಸುವ ನಿಕ್ಕಿ ಎಂಬ ಯುವಕನಿಗೆ ನಿದ್ದೆ ಬಾರದು. ಲೂಸಿಯಾ ಎಂಬ ಗುಳಿಗೆ ಅವನಿಗೆ ದೊರೆಯುವುದು. ನುಂಗಿದ ರಾತ್ರಿಯಿಂದ ಅವನಿಗೆ ಕನಸು. ಆ ಕನಸಿನಲ್ಲಿ ಅವನು ನಿಖಿಲ್ ಎಂಬ ಪ್ರಖ್ಯಾತ ನಟ. ಪ್ರತಿ ರಾತ್ರಿಯೂ ಕನಸು ಹಿಂದಿನ ರಾತ್ರಿ ಬಿಟ್ಟಲ್ಲಿಂದ ಮುಂದುವರಿಯುವುದು. ನಿಕ್ಕಿಯ ಬದುಕು ಬಣ್ಣದಲ್ಲಿದೆ, ನಿಖಿಲನದು ಕಪ್ಪು-ಬಿಳುಪಿನಲ್ಲಿ. ಆದುದರಿಂದ ಬಣ್ಣವಿದ್ದುದು ಎಚ್ಚರ, ಬಣ್ಣವಿಲ್ಲದುದು ಕನಸು ಎಂದು ನಾವು ನಂಬಿ ಕುಳಿತಿರುತ್ತೇವೆ. ಕೊನೆಗೆ ತಿಳಿಯುವುದು ಇದರ ವಿಪರೀತ: ನಟ ನಿಖಿಲನೇ ಎಚ್ಚರದವನು, ಹೆಸರು, ಹಣ ಯಾವುದೂ ಇಲ್ಲದ ನಿಕ್ಕಿ ಅವನು ಕಂಡ ಕನಸು.

ದಡ್ಡಿಯ ಒಬ್ಬ ವಿದ್ಯಾರ್ಥಿಯ ಆಕ್ಷೇಪ ಹೀಗಿತ್ತು: “ಒಮ್ಮೆ ನಮ್ಮನ್ನ ಏಮಾರಿಸ್ಯಾರಂದ್ರ, ಎರಡನೇ ಸಲ ಹೇಳಿದ್ದು ಖರೇ ಅಂತ ಯಾಕ ನಂಬಬೇಕ್ರಿ?” ಇದು ತಳ್ಳಿಹಾಕುವಂಥ ಪ್ರಶ್ನೆಯಲ್ಲ. ಬಣ್ಣದ ನಿಯಮ ಒಮ್ಮೆ ಸುಳ್ಳಾಯಿತೆಂದ ಮೇಲೆ, ಅದನ್ನು ಸುಳ್ಳುಮಾಡಿದ ದೃಶ್ಯವೂ ಮತ್ತೊಂದು ಕನಸಾಗಿರಬಾರದೇಕೆ?

ಇದೇ ಬಗೆಯ ವಾದವನ್ನು ಜಗತ್ತಿನಾದ್ಯಂತ ಎಬ್ಬಿಸಿದ ಇನ್ನೊಂದು ಚಿತ್ರ ಕ್ರಿಸ್ಟೋಫರ್ ನೋಲನ್‌ರ ‘ಇನ್ಸೆಪ್ಷನ್’ (2010). ಅದರ ನಾಯಕ ಕಾಬ್ ಇತರರ ಕನಸುಗಳನ್ನು ಹೊಗುವವನು. ತಾನಿರುವುದು ಎಚ್ಚರದಲ್ಲೋ ಕನಸಿನಲ್ಲೋ ಎಂದು ತಿಳಿಯಲು ಅವನ ಬಳಿ ಒಂದು ಪುಟ್ಟ ಬುಗುರಿಯಿದೆ. ಬುಗುರಿ ತಿರುಗಿ ಬಿದ್ದರೆ ಎಚ್ಚರ. ಬೀಳದೆ ತಿರುಗುತ್ತಲೇ ಇದ್ದರೆ ಕನಸು. ಚಿತ್ರದ ಕೊನೆಯಲ್ಲಿ ಕಾಬ್ ಮನೆ ಸೇರಿ ಮಕ್ಕಳ ಮುಖ ಕಾಣುವನು. ಮೇಜಿನ ಮೇಲೆ ಬುಗುರಿ ತಿರುಗುತ್ತಿರುವುದು. ಅದು ಬೀಳುವುದೋ ಇಲ್ಲವೋ ಎಂಬುದು ತಿಳಿಯುವ ಮೊದಲೇ ತೆರೆ ಕಪ್ಪಾಗುವುದು.

ಈ ಬುಗುರಿಯ ಪರೀಕ್ಷೆಯನ್ನು ತರ್ಕದಿಂದ ಒರೆದು ನೋಡಿರಿ. ಬುಗುರಿ ಎಂದೂ ಬೀಳದು ಎಂಬುದನ್ನು ಕಂಡು ತಿಳಿಯಬೇಕಾದರೆ ಕೊನೆಯಿಲ್ಲದ ಕಾಲ ಕಾಯಬೇಕು. ಹತ್ತು ನಿಮಿಷ ಬೀಳದಿದ್ದುದು ಹನ್ನೊಂದನೆಯ ನಿಮಿಷದಲ್ಲಿ ಬೀಳಬಹುದು. ಇನ್ನು ಬಿದ್ದಿತೆನ್ನಿ, ಬೀಳುವ ಬುಗುರಿಯನ್ನೇ ಕನಸಿನಲ್ಲಿ ಕಾಣಬಾರದೆ? ಬುಗುರಿಯ ತೂಕ, ಚಲನೆಗಳು ಅದರ ಒಡೆಯನೊಬ್ಬನಿಗೇ ಗೊತ್ತು ಎಂಬುದು ಚಿತ್ರದ ನಿಯಮ. ಆದುದರಿಂದ ಆ ಪರೀಕ್ಷೆ, ಹೆಚ್ಚೆಂದರೆ, ನಾವು ಪರರ ಕನಸಿನಲ್ಲಿಲ್ಲ ಎಂಬುದನ್ನು ತಿಳಿಸೀತು. ನಮ್ಮ ಸ್ವಂತ ಕನಸಿನಲ್ಲಿ ಬುಗುರಿ ನಾವು ಬಲ್ಲಂತೆಯೇ ತಿರುಗಿ ಬೀಳಬಹುದಷ್ಟೆ. ಕನಸಿನೊಳಗಿನ ಗುರುತನ್ನು ಕನಸಿನೊಳಗಿನ ಕಣ್ಣಿನಿಂದಲೇ ನೋಡಿ ತೀರ್ಪು ಕೊಡುವುದು, ಒಂದೇ ತಕ್ಕಡಿಯಿಂದ ಆ ತಕ್ಕಡಿಯನ್ನೇ ತೂಗಹೊರಟಂತೆ.

ಕನಸಿಗೆ ಬಣ್ಣವುಂಟೆ?

ಹಾಗಾದರೆ ಕನಸಿನ ನಿಯಮಗಳನ್ನು ಹೊರಗಿನಿಂದ ಅರಿಯಲು ಬಂದೀತೆ? ಮೊದಲು ಬಣ್ಣದ ವಿಷಯ ನೋಡೋಣ. 1942ರಲ್ಲಿ ಅಮೆರಿಕದ ಕಾಲೇಜೊಂದರ ವಿದ್ಯಾರ್ಥಿಗಳನ್ನು, ಕನಸಿನಲ್ಲಿ ಬಣ್ಣ ಕಾಣುವಿರಾ ಎಂದು ಕೇಳಲಾಯಿತು. ಅಪರೂಪವಾಗಿ ಕಾಣುತ್ತೇವೆ ಅಥವಾ ಎಂದೂ ಇಲ್ಲ ಎಂದವರು ನೂರಕ್ಕೆ 70ಕ್ಕೂ ಹೆಚ್ಚು. ಎರಿಕ್ ಶ್ವಿಟ್ಸ್‌ಗೆಬೆಲ್ ಎಂಬ ತತ್ತ್ವಶಾಸ್ತ್ರಜ್ಞರು ಅದೇ ಪ್ರಶ್ನೆಯನ್ನು ಇಂದಿನ ವಿದ್ಯಾರ್ಥಿಗಳಿಗೆ ಕೇಳಿ 2003ರಲ್ಲಿ ಫಲಿತಾಂಶ ಪ್ರಕಟಿಸಿದಾಗ ಆ ಸಂಖ್ಯೆ ನೂರಕ್ಕೆ 18ರಷ್ಟಕ್ಕೆ ಇಳಿದಿತ್ತು.

ಅರವತ್ತು ವರ್ಷಗಳಲ್ಲಿ ಮನುಷ್ಯನ ಮೆದುಳು ಬದಲಾಗಲಿಲ್ಲ. ಬದಲಾದುದು ಚಲನಚಿತ್ರ ಮತ್ತು ಟೆಲಿವಿಷನ್. ನಮ್ಮಲ್ಲಿಯೂ ಪೂರ್ಣ ವರ್ಣದ ಮೊದಲ ಕನ್ನಡ ಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ ಬಂದುದು 1964ರಲ್ಲಿ. ಕಪ್ಪು-ಬಿಳುಪು ಚಿತ್ರಗಳನ್ನು ನೋಡಿದವರ ಕನಸುಗಳೇ ಹಾಗಿದ್ದವೋ, ಅಥವಾ ಎಚ್ಚರಗೊಂಡು ನೆನಪು ಮಾಡಿಕೊಳ್ಳುವಾಗ ಅವರು ಚಿತ್ರಗಳ ಹೋಲಿಕೆಯಿಂದ ಬಣ್ಣವನ್ನು ಬಿಟ್ಟು ಹೇಳಿದರೋ, ಎರಡಕ್ಕೂ ಅವಕಾಶವಿದೆ. ಹೇಗಿದ್ದರೂ ಒಂದು ಪಾಠ ಸ್ಪಷ್ಟ: ಕಂಡವನು ಹೇಳಿದ ಮಾತ್ರಕ್ಕೆ ಅವನ ಕನಸು ಹಾಗೆಯೇ ಇತ್ತೆನ್ನಲಾಗದು. ‘ಲೂಸಿಯಾ’ದಲ್ಲಿ ನಾವು ಏಮಾರಿದುದು ಈ ಹಳೆಯ ಅಭ್ಯಾಸದ ಬಲದಿಂದಲೇ. ಕಪ್ಪು-ಬಿಳುಪೆಂದರೆ ಕನಸು ಎಂಬ ನಿಯಮವನ್ನು ಚಿತ್ರ ನಮಗೆ ಬಾಯಿಬಿಟ್ಟು ಹೇಳಿರಲಿಲ್ಲ, ನಾವಾಗಿ ತಂದುಕೊಂಡೆವು.

ಕನಸಿನ ಗಡಿಯಾರ

‘ಇನ್ಸೆಪ್ಷನ್’ ಚಿತ್ರದ ನಿಯಮದಂತೆ ಕನಸಿನಲ್ಲಿ ಕಾಲ ಹಿಗ್ಗುವುದು. ಪ್ರಬಲ ಮದ್ದಿನ ನೆರವಿನಿಂದ ಒಂದು ಮಟ್ಟಕ್ಕೆ 20 ಪಟ್ಟು. ಲೆಕ್ಕ ಹಾಕಿ ನೋಡಿರಿ: ವಿಮಾನದಲ್ಲಿ 10 ಗಂಟೆ ನಿದ್ರಿಸಿದರೆ ಮೊದಲನೆಯ ಕನಸಿನಲ್ಲಿ 200 ಗಂಟೆ, ಎಂದರೆ ಒಂದು ವಾರಕ್ಕೆ ತುಸು ಹೆಚ್ಚು, ಕನಸಿನೊಳಗಿನ ಕನಸಿನಲ್ಲಿ ಸುಮಾರು ಆರು ತಿಂಗಳು, ಅದರೊಳಗಿನದರಲ್ಲಿ ಸುಮಾರು ಒಂಬತ್ತು ವರ್ಷ!

ಈ ಕಲ್ಪನೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಆಲ್ಫ್ರೆಡ್ ಮೋರಿ ಎಂಬ ವಿದ್ವಾಂಸರು ಒಂದು ಕನಸನ್ನು ಬರೆದಿಟ್ಟರು. ಫ್ರಾನ್ಸಿನ ಮಹಾಕ್ರಾಂತಿ, ವಿಚಾರಣೆ, ಮರಣದಂಡನೆ ಎಲ್ಲವೂ ಮುಗಿದು ಗಿಲೊಟಿನ್ನಿನ ಅಲಗು ಕೊರಳಿಗೆ ಬಿದ್ದಾಗ ಅವರಿಗೆ ಎಚ್ಚರವಾಯಿತು. ನೋಡಿದರೆ ಮಂಚದ ಒಂದು ಭಾಗ ಕಳಚಿ ಕತ್ತಿನ ಮೇಲೆ ಬಿದ್ದಿತ್ತು. ಅಷ್ಟು ದೀರ್ಘ ಕನಸೆಲ್ಲ ಆ ಒಂದು ಕ್ಷಣದಲ್ಲಿಯೇ ಹುಟ್ಟಿರಬೇಕೆಂದು ಅವರು ತರ್ಕಿಸಿದರು. ಬಹುಕಾಲ ಜನ ಇದನ್ನು ನಂಬಿದರು.

ನಿದ್ದೆಯನ್ನು ಅಳೆಯುವ ಉಪಕರಣಗಳು ಬಂದ ಮೇಲೆ ಚಿತ್ರ ಬದಲಾಯಿತು. 1953ರಲ್ಲಿ ಶಿಕಾಗೋ ವಿಶ್ವವಿದ್ಯಾನಿಲಯದ ಯೂಜೀನ್ ಆಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್, ನಿದ್ದೆಯ ಕೆಲವು ಅವಧಿಗಳಲ್ಲಿ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗಳು ವೇಗವಾಗಿ ಚಲಿಸುವುದನ್ನು ಪ್ರಕಟಪಡಿಸಿದರು. ಅಂಥ ಸಮಯದಲ್ಲಿ 27 ಬಾರಿ ಎಬ್ಬಿಸಿ ಕೇಳಿದಾಗ 20 ಬಾರಿ ವಿವರವಾದ ಕನಸು ಹೊರಬಂದಿತು. ಕಣ್ಣುಗಳು ಸುಮ್ಮನಿದ್ದಾಗ 23 ಬಾರಿ ಎಬ್ಬಿಸಿದಾಗ 19 ಬಾರಿ ಏನೂ ನೆನಪಿರಲಿಲ್ಲ. 1957ರಲ್ಲಿ ಕ್ಲೈಟ್‌ಮನ್ ಮತ್ತು ವಿಲಿಯಂ ಡಿಮೆಂಟ್, ಈ ಅವಧಿ ಆರಂಭವಾಗಿ 5 ನಿಮಿಷಕ್ಕೆ ಕೆಲವೊಮ್ಮೆ, 15 ನಿಮಿಷಕ್ಕೆ ಕೆಲವೊಮ್ಮೆ ನಿದ್ರಿತರನ್ನು ಎಬ್ಬಿಸಿ, ಎಷ್ಟು ಹೊತ್ತು ಕನಸು ಕಂಡಿರೆಂದು ಕೇಳಿದರು. ಐದು ಉತ್ತರಗಳಲ್ಲಿ ನಾಲ್ಕಕ್ಕೂ ಹೆಚ್ಚು ಸರಿಯಾಗಿದ್ದವು. ಕನಸಿನ ಗಡಿಯಾರ ನಮ್ಮ ಗೋಡೆಯ ಗಡಿಯಾರದಿಂದ ಅಷ್ಟೇನೂ ದೂರವಿಲ್ಲವೆಂದಾಯಿತು.

ಒಳಗಿನಿಂದ ಬಂದ ಸಂಕೇತ

ಆದರೂ ಒಂದು ಕೊರತೆ ಉಳಿಯಿತು. ಇವೆಲ್ಲ ಎಚ್ಚರವಾದ ಮೇಲೆ ಹೇಳಿದ ಮಾತುಗಳು. ಕನಸು ನಡೆಯುತ್ತಿರುವಾಗಲೇ ಒಳಗಿನವನು ಹೊರಗಿನವನಿಗೆ ಸುದ್ದಿ ಕಳುಹಿಸಬಲ್ಲನೆ?

ಕೆಲವರಿಗೆ ಕನಸಿನ ನಡುವೆ, ‘ಇದು ಕನಸು’ ಎಂಬ ಅರಿವು ಮೂಡುವುದುಂಟು. ಇದನ್ನು ಇಂಗ್ಲಿಷಿನಲ್ಲಿ ಲೂಸಿಡ್ ಡ್ರೀಮ್ ಎನ್ನುವರು. ಡಚ್ ವೈದ್ಯ ಫ್ರೆಡೆರಿಕ್ ವಾನ್ ಈಡನ್ 1913ರಲ್ಲಿ ಈ ಮಾತನ್ನು ಬಳಕೆಗೆ ತಂದರು. ನಾವು ಅರಿವಿನ ಕನಸು ಎನ್ನಬಹುದು. ಕಣ್ಣುಗಳು ವೇಗವಾಗಿ ಚಲಿಸುವ ನಿದ್ದೆಯಲ್ಲಿ ಕೈಕಾಲುಗಳ ಸ್ನಾಯುಗಳು ಶಕ್ತಿಗುಂದಿ ಮಲಗಿರುತ್ತವೆ. ಕಣ್ಣಿನ ಸ್ನಾಯುಗಳಿಗೆ ಈ ಕಟ್ಟಿಲ್ಲ. ಇದೇ ಉಪಾಯದ ಬೀಜವಾಯಿತು. 1975ರಲ್ಲಿ ಇಂಗ್ಲೆಂಡಿನ ಕೀತ್ ಹರ್ನ್ ಅವರ ಪ್ರಯೋಗದಲ್ಲಿ, ಅರಿವಿನ ಕನಸು ಕಾಣುತ್ತಿದ್ದ ಆಲನ್ ವರ್ಸ್‌ಲಿ, ಮೊದಲೇ ಗೊತ್ತುಮಾಡಿಕೊಂಡಿದ್ದಂತೆ ಕಣ್ಣನ್ನು ಎಡಕ್ಕೆ-ಬಲಕ್ಕೆ ಹಲವು ಬಾರಿ ಹೊರಳಿಸಿದರು. ಉಪಕರಣದ ಕಾಗದದ ಮೇಲೆ ಆ ಸಂಕೇತ ಸ್ಪಷ್ಟವಾಗಿ ಮೂಡಿತು. ಮೆದುಳಿನ ಅಲೆಗಳು ಮಾತ್ರ ನಿದ್ದೆಯವೇ ಆಗಿದ್ದವು. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಸ್ಟೀಫನ್ ಲಾಬರ್ಜ್ ಸ್ವತಂತ್ರವಾಗಿ ಇದನ್ನೇ ಸಾಧಿಸಿ 1981ರಲ್ಲಿ ಪ್ರಕಟಿಸಿದರು. ಕನಸಿನಲ್ಲಿ ಹತ್ತು ಸೆಕೆಂಡು ಎಣಿಸಿ, ಆರಂಭಕ್ಕೊಮ್ಮೆ ಕೊನೆಗೊಮ್ಮೆ ಕಣ್ಣು ಹೊರಳಿಸಿದಾಗ ಹೊರಗಿನ ಗಡಿಯಾರದಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಕಾಲ ಕಳೆದಿತ್ತು. ಮುಂದಿನ ಪ್ರಯೋಗಗಳಲ್ಲಿ, ನಡಿಗೆ, ಅಂಗಸಾಧನೆಗಳಂಥ ಕೆಲಸಗಳಿಗೆ ಕನಸಿನಲ್ಲಿ ಎಚ್ಚರಕ್ಕಿಂತ ಹೆಚ್ಚು ಕಾಲ ಹಿಡಿದುದು ಕಂಡುಬಂತು. ಇದು ಚಿತ್ರದ ನಿಯಮಕ್ಕೆ ತಿರುಗುಮುರುಗು!

2021ರಲ್ಲಿ ಅಮೆರಿಕ, ಫ್ರಾನ್ಸ್, ಜರ್ಮನಿ, ನೆದರ್ಲೆಂಡ್ಸ್‌ಗಳ ಸಂಶೋಧಕರು ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. ಕನಸು ಕಾಣುತ್ತಿರುವವರಿಗೇ ಪ್ರಶ್ನೆ ಕೇಳಿದರು. ಎಂಟರಲ್ಲಿ ಆರು ಕಳೆದರೆ ಎಷ್ಟು ಎಂದಾಗ, ಒಬ್ಬರು ಕಣ್ಣನ್ನು ಎರಡು ಬಾರಿ ಹೊರಳಿಸಿ ಉತ್ತರ ಕೊಟ್ಟರು. ಎಲ್ಲರೂ ಎಲ್ಲ ಬಾರಿಯೂ ಉತ್ತರಿಸಲಿಲ್ಲ. ನೂರಕ್ಕೆ 60 ಬಾರಿ ಮೌನವೇ ಉತ್ತರ. ಸರಿಯುತ್ತರ ಬಂದುದು ನೂರಕ್ಕೆ 18 ಬಾರಿ, ಸ್ಪಷ್ಟವಾದ ತಪ್ಪುತ್ತರ ಸುಮಾರು 3 ಬಾರಿ ಮಾತ್ರ. ಉಳಿದವುಗಳ ಅರ್ಥ ಸ್ಪಷ್ಟವಾಗಲಿಲ್ಲ. ಆದರೂ ಬಾಗಿಲು ತೆರೆಯಿತು.

ನಮ್ಮ ಪುರಾಣದ ಉಷೆಯ ಕಥೆ ಇಲ್ಲಿ ನೆನಪಾಗುವುದು. ಬಾಣಾಸುರನ ಮಗಳಾದ ಆಕೆ ಕನಸಿನಲ್ಲಿ ಒಬ್ಬ ಯುವಕನನ್ನು ಕಂಡಳು. ಸಖಿ ಚಿತ್ರಲೇಖೆ ಒಬ್ಬೊಬ್ಬರ ಚಿತ್ರವನ್ನೇ ಬರೆದು ತೋರಿಸುತ್ತ ಬಂದಾಗ, ಅನಿರುದ್ಧನ ಚಿತ್ರದ ಬಳಿ ಉಷೆ ನಿಂತಳು. ಕನಸು ಕಂಡವಳು ಒಬ್ಬಳಾದರೂ, ಇನ್ನೊಬ್ಬಳ ಕಣ್ಣಿಗೆ ಬೀಳುವ ಗುರುತೊಂದು ನಡುವೆ ಬಂದುದರಿಂದಲೇ ಮಾತು ಮುಂದುವರಿಯಿತು.

ಗುಳಿಗೆಯ ವಿಷಯದಲ್ಲಿ ಒಂದು ಎಚ್ಚರಿಕೆ

ದಡ್ಡಿಯ ಇನ್ನೊಬ್ಬ ವಿದ್ಯಾರ್ಥಿ ಮೆಲ್ಲನೆ ಕೇಳಿದ್ದು ಇದನ್ನು: “ಅಂಥಾ ಗುಳಿಗಿ ಖರೇನ ಸಿಗತೈತೇನ್ರಿ?” ಪರೀಕ್ಷೆಯ ದಿನಗಳಲ್ಲಿ ತನಗೂ ನಿದ್ದೆ ಬಾರದೆಂದು ಆತನೇ ಹೇಳಿದನು. ಆದುದರಿಂದ ಉತ್ತರವನ್ನು ಸ್ಪಷ್ಟವಾಗಿ ಹೇಳಬೇಕು. ಬೇಕಾದ ಕನಸನ್ನು ಪ್ರತಿ ರಾತ್ರಿ ಧಾರಾವಾಹಿಯಂತೆ ಮುಂದುವರಿಸುವ ಗುಳಿಗೆ ಇಲ್ಲ. ಮರೆವಿನ ರೋಗಕ್ಕೆ ಕೊಡುವ ಗ್ಯಾಲಂಟಮೀನ್ ಎಂಬ ಔಷಧದಿಂದ ಅರಿವಿನ ಕನಸುಗಳು ಹೆಚ್ಚಬಹುದೆಂದು 2018ರ ಒಂದು ಪ್ರಯೋಗ ತೋರಿಸಿದ್ದು ನಿಜ. ಆದರೆ ಅದು ವೈದ್ಯರ ಸಲಹೆಯಿಲ್ಲದೆ ಮುಟ್ಟುವಂಥ ಪದಾರ್ಥವಲ್ಲ. ನಿದ್ದೆ ಬಾರದವನಿಗೆ ಬೇಕಾದುದು ಕನಸಲ್ಲ, ನಿದ್ದೆ. ಅದು ಹಲವು ದಿನ ಬಾರದಿದ್ದರೆ ಗೆಳೆಯನ ಗುಳಿಗೆಯನ್ನಲ್ಲ, ವೈದ್ಯರನ್ನು ಕೇಳತಕ್ಕದ್ದು. ‘ಲೂಸಿಯಾ’ದ ನಾಯಕನಿಗೂ ಗುಳಿಗೆ ಒಳ್ಳೆಯದನ್ನು ಮಾಡಲಿಲ್ಲವೆಂಬುದನ್ನು ಮರೆಯಬಾರದು.

ವಾದ ಮುಗಿಯುವುದೆಲ್ಲಿ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಆ ರಾತ್ರಿಯ ವಾದದಲ್ಲಿ ಯಾರು ಗೆದ್ದಂತಾಯಿತು?

ಚಿತ್ರದ ಮಟ್ಟಿಗೆ ಹೇಳುವುದಾದರೆ, ಆಕ್ಷೇಪವೆತ್ತಿದ ವಿದ್ಯಾರ್ಥಿಯನ್ನು ಸೋಲಿಸಲು ಬಾರದು. ಚಿತ್ರ ತೋರಿಸಿದುದಕ್ಕಿಂತ ಹೊರಗೆ ನಿಕ್ಕಿಯಾಗಲಿ ನಿಖಿಲನಾಗಲಿ ಇಲ್ಲ. ಕಾಬ್‌ನ ಬುಗುರಿ ತೆರೆ ಕಪ್ಪಾದ ಮೇಲೆ ಬೀಳಲೂ ಇಲ್ಲ, ತಿರುಗಲೂ ಇಲ್ಲ. ಹೊರಗೆ ಕುಳಿತು ಕಣ್ಣಿನ ಸಂಕೇತವನ್ನು ಓದುವವರು ಅಲ್ಲಿಲ್ಲ. ಆದುದರಿಂದ ಯಾವ ಕೊನೆ ಕಥೆಯನ್ನು ಹೆಚ್ಚು ಅಂದಗೊಳಿಸುವುದು, ಯಾವುದು ಹಿಂದಿನ ದೃಶ್ಯಗಳಿಗೆ ಹೆಚ್ಚು ಹೊಂದುವುದು ಎಂದಷ್ಟೇ ನಾವು ವಾದಿಸಬಹುದು. ಅದು ರಸಿಕರ ವಾದ. ಅದಕ್ಕೆ ಅದರದೇ ಸೊಗಸಿದೆ.

ನಮ್ಮ ನಿಮ್ಮ ಕನಸುಗಳ ವಿಷಯ ಬೇರೆ. ಜಾಗ್ರತ್, ಸ್ವಪ್ನ, ಸುಷುಪ್ತಿಗಳನ್ನು ಮಾಂಡೂಕ್ಯದ ಕಾಲದಿಂದಲೂ ನಮ್ಮವರು ವಿಚಾರಮಾಡುತ್ತ ಬಂದಿದ್ದಾರೆ. ಒಬ್ಬನೇ ಕುಳಿತು ಆಲೋಚಿಸಿದರೆ ಕನಸು ಯಾವುದು, ಎಚ್ಚರ ಯಾವುದು ಎಂಬ ಸಂಶಯ ಪೂರ್ತಿ ಅಳಿಯದು. ಇಬ್ಬರು ಮೊದಲೇ ಒಪ್ಪಂದ ಮಾಡಿಕೊಂಡು, ಒಬ್ಬನು ಒಳಗಿನಿಂದ ಸಂಕೇತ ಕಳುಹಿಸಿ, ಇನ್ನೊಬ್ಬನು ಹೊರಗೆ ಅದನ್ನು ಬರೆದುಕೊಂಡಾಗ ಸಂಶಯದ ಜಾಗದಲ್ಲಿ ಅಳತೆ ಬಂದು ನಿಲ್ಲುವುದು. ವಿಜ್ಞಾನ ಮಾಡಿದುದು ಇಷ್ಟೆ: ಒಬ್ಬನೇ ಸಾಕ್ಷಿಯಿದ್ದಲ್ಲಿ ಎರಡನೆಯ ಸಾಕ್ಷಿಯನ್ನು ತಂದು ಕೂರಿಸಿತು.

ಮುಂದಿನ ಸಲ ಗೆಳೆಯರೊಡನೆ ಇಂಥ ವಾದ ಹೂಡಿದಾಗ ಮೊದಲು ಒಂದು ಪ್ರಶ್ನೆ ಕೇಳಿರಿ: ಏನನ್ನು ಕಂಡರೆ ನೀನು ನಿನ್ನ ಅಭಿಪ್ರಾಯವನ್ನು ಬಿಡುವೆ? ಉತ್ತರ ದೊರೆತರೆ ಅದನ್ನು ಹುಡುಕಲು ಹೊರಡಿರಿ. ದೊರೆಯದಿದ್ದರೆ ಚಿತ್ರವನ್ನು ಇನ್ನೊಮ್ಮೆ ನೋಡಿ ಸಂತೋಷಪಡಿರಿ. ಹುನ್ನೂರಿನ ಗುಡಿ ನೀರಿನಡಿಯಲ್ಲಿದ್ದಾಗಲೂ ಇದ್ದೇ ಇರುವುದು. ಅದನ್ನು ನಂಬಿಸಲು ನಾವು ವಾದ ಮಾಡಬೇಕಾಗಿಲ್ಲ, ನೀರಿಳಿದ ದಿನ ಜೊತೆಗೆ ಕರೆದುಕೊಂಡು ಹೋದರೆ ಸಾಕು.