ಇನ್ನೂರು ಟನ್ ಹೊತ್ತ ಮೂರು ಮಿಲಿಮೀಟರ್

ಮೈಸೂರಿನ ಚಾಮುಂಡಿ ಬೆಟ್ಟಕ್ಕೆ 1,008 ಮೆಟ್ಟಿಲು. ಹರಕೆ ಹೊತ್ತ ಹೆಂಗಸರು ಒಂದೊಂದಕ್ಕೂ ಅರಿಶಿನ ಕುಂಕುಮ ಹಚ್ಚುತ್ತ ಹತ್ತುತ್ತಾರೆ. ಹುಡುಗರು ಮೊಬೈಲಿನಲ್ಲಿ ಸಮಯ ನೋಡಿಕೊಂಡು ಓಡುತ್ತಾರೆ. ಈ ಮೆಟ್ಟಿಲುಗಳನ್ನು ಮಂಡಿಯ ಕಡೆಯಿಂದ ಲೆಕ್ಕ ಹಾಕುವವರು ಮಾತ್ರ ಅಪರೂಪ. ಒಮ್ಮೆ ಹಾಕಿ ನೋಡೋಣ.

ಹತ್ತುವವರ ತೂಕ 60 ಕೆ.ಜಿ. ಎಂದಿಟ್ಟುಕೊಳ್ಳಿ. ಎರಡು ಕಾಲಿಗೂ ಸಮನಾಗಿ ಹಂಚಿದರೆ ಒಂದೊಂದು ಮಂಡಿಯ ಪಾಲಿಗೆ 504 ಮೆಟ್ಟಿಲು. ಹತ್ತುವಾಗ ಮಂಡಿಯ ಕೀಲಿನ ಮೇಲೆ ಬೀಳುವ ಒತ್ತಡ ದೇಹದ ತೂಕದ 3.16 ಪಟ್ಟು, ಅಂದರೆ ಮೆಟ್ಟಿಲಿಗೆ ಸುಮಾರು 190 ಕೆ.ಜಿ. ತುದಿ ಮುಟ್ಟುವಷ್ಟರಲ್ಲಿ ಒಂದೇ ಮಂಡಿ ಕಂತಿನಲ್ಲಿ ಹೊತ್ತ ಭಾರ 95 ಟನ್. ಇಳಿಯುವುದು ಹಗುರ ಅನ್ನಿಸುತ್ತದೆ. ಆದರೆ ಇಳಿಯುವಾಗಿನ ಒತ್ತಡ ಇನ್ನೂ ಹೆಚ್ಚು, 3.46 ಪಟ್ಟು. ಇಳಿದು ಮುಗಿದಾಗ ಮತ್ತೆ 104 ಟನ್ ಸೇರಿರುತ್ತದೆ. ದೇವಿಯ ದರ್ಶನ ಮಾಡಿ ಬಂದ ಪ್ರತಿ ಮಂಡಿಯ ಖಾತೆಯಲ್ಲೂ ಒಟ್ಟು ಇನ್ನೂರು ಟನ್!

ಈ 3.16, 3.46 ಯಾರೋ ಅಂದಾಜಿಗೆ ಹೇಳಿದ್ದಲ್ಲ. ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯ ಸಂಶೋಧಕರು ಐದು ಮಂದಿಗೆ ಹಾಕಿದ ಕೃತಕ ಮಂಡಿಯೊಳಗೇ ಒತ್ತಡ ಅಳೆಯುವ ಸಂವೇದಕಗಳನ್ನು ಕೂರಿಸಿದ್ದರು. ಅವರು ನಡೆದಾಗ, ಕೂತಾಗ, ಎದ್ದಾಗ ಮಂಡಿಯೇ ತನ್ನ ಭಾರವನ್ನು ಹೊರಗಿನ ಯಂತ್ರಕ್ಕೆ ವರದಿ ಮಾಡಿತು. 2010ರಲ್ಲಿ ಪ್ರಕಟವಾದ ಆ ಅಂಕಿಗಳ ಪ್ರಕಾರ ಸಮತಟ್ಟಾದ ನೆಲದ ಮೇಲೆ ನಡೆದರೂ ದೇಹತೂಕದ 2.61 ಪಟ್ಟು, ಕುರ್ಚಿಯಿಂದ ಎದ್ದರೆ 2.46 ಪಟ್ಟು. ಎರಡೂ ಕಾಲ ಮೇಲೆ ಸುಮ್ಮನೆ ನಿಂತರೂ ಒಂದೊಂದು ಮಂಡಿ ಹೊರುವುದು ಅರ್ಧ ತೂಕವನ್ನಲ್ಲ, ಪೂರ್ತಿ ತೂಕವನ್ನು. ಕಾರಣ ಸರಳ. ಮಂಡಿ ಕುಸಿಯದಂತೆ ತೊಡೆ ಮತ್ತು ಮೀನಖಂಡದ ಸ್ನಾಯುಗಳು ಬಿಗಿಯಾಗಿ ಎಳೆದು ಹಿಡಿಯಬೇಕು. ಆ ಎಳೆತವೂ ಕೀಲನ್ನೇ ಅದುಮುತ್ತದೆ.

ಬೆಟ್ಟ ಬಿಡಿ, ಸಾಮಾನ್ಯ ದಿನವೊಂದನ್ನೇ ತೆಗೆದುಕೊಳ್ಳಿ. ಮನೆ, ತರಕಾರಿ ಅಂಗಡಿ, ಬಸ್ ಸ್ಟಾಪು ಎಲ್ಲ ಸೇರಿ 5,000 ಹೆಜ್ಜೆ. ಒಂದು ಮಂಡಿಗೆ 2,500. ಅದೇ 60 ಕೆ.ಜಿ. ದೇಹಕ್ಕೆ ಹೆಜ್ಜೆಗೆ 157 ಕೆ.ಜಿ.ಯಂತೆ ದಿನಕ್ಕೆ 390 ಟನ್. ವರ್ಷಕ್ಕೆ ಒಂದು ಲಕ್ಷ ನಲವತ್ತು ಸಾವಿರ ಟನ್ನಿಗೂ ಮೇಲೆ.

ಇಷ್ಟನ್ನು ತಾಳಿಕೊಳ್ಳುವುದು ಏನು? ತೊಡೆಯ ಮೂಳೆ ಮತ್ತು ಮೊಣಕಾಲ ಕೆಳಗಿನ ಮೂಳೆ ಸೇರುವಲ್ಲಿ ಹೊದಿಸಿದ ಮೃದ್ವಸ್ಥಿಯ ಪದರ. ಅದರ ದಪ್ಪ ಎರಡರಿಂದ ನಾಲ್ಕು ಮಿಲಿಮೀಟರ್. ಅದರಲ್ಲಿ ಮುಕ್ಕಾಲು ಭಾಗದಷ್ಟು ನೀರೇ. ರಕ್ತನಾಳವಿಲ್ಲ, ನರವಿಲ್ಲ. ಕೀಲೊಳಗಿನ ಅಂಟು ದ್ರವ ಒಂದು ಟೀ ಚಮಚವನ್ನೂ ತುಂಬಿಸದು. ಆದರೂ ಆರೋಗ್ಯವಂತ ಮಂಡಿಯೊಳಗಿನ ಘರ್ಷಣೆ ಮಂಜುಗಡ್ಡೆಯ ಮೇಲೆ ಮಂಜುಗಡ್ಡೆ ಜಾರುವಾಗಿನದಕ್ಕಿಂತ ಕಡಿಮೆ.

ಈ ಪದರದ ವಯಸ್ಸು ಇನ್ನೂ ಬೆರಗಿನದು. 1950ರ ದಶಕದ ನಡುವಿನಿಂದ 1963ರವರೆಗೆ ಅಮೆರಿಕ, ಸೋವಿಯತ್ ಒಕ್ಕೂಟ ಮೊದಲಾದವು ಬಯಲಲ್ಲಿ ಸಿಡಿಸಿದ ಅಣುಬಾಂಬುಗಳಿಂದ ಗಾಳಿಯಲ್ಲಿ ಕಾರ್ಬನ್-14 ಏರಿತು, ಬಳಿಕ ಇಳಿಯುತ್ತ ಬಂತು. ದೇಹದ ಯಾವ ಅಂಗಾಂಶ ಯಾವ ಕಾಲದಲ್ಲಿ ಕಟ್ಟಿಕೊಂಡಿತು ಎಂಬುದಕ್ಕೆ ಅದು ಮುದ್ರೆಯಾಗಿ ಉಳಿದಿದೆ. ಡೆನ್ಮಾರ್ಕಿನ ವಿಜ್ಞಾನಿಗಳು 1935ರಿಂದ 1997ರ ನಡುವೆ ಹುಟ್ಟಿದವರ ಮಂಡಿಯ ಮೃದ್ವಸ್ಥಿಯಲ್ಲಿ ಈ ಮುದ್ರೆಯನ್ನು ಓದಿ 2016ರಲ್ಲಿ ಪ್ರಕಟಿಸಿದರು. ಮೃದ್ವಸ್ಥಿಗೆ ಗಟ್ಟಿತನ ಕೊಡುವ ಕೊಲಾಜೆನ್ ಎಳೆಗಳು ಹರೆಯ ಮುಗಿಯುವ ಹೊತ್ತಿಗೆ ಹೆಣೆದು ಮುಗಿದಿರುತ್ತವೆ. ಆಮೇಲೆ ಹೊಸದು ಸೇರುವುದಿಲ್ಲವೆನ್ನುವಷ್ಟು ಕಡಿಮೆ. ಸವೆದ ಮಂಡಿಯಲ್ಲೂ ರಿಪೇರಿಯ ಗುರುತು ಸಿಗಲಿಲ್ಲ. ಚರ್ಮ ಹೊಸದಾಗುತ್ತದೆ, ರಕ್ತ ಹೊಸದಾಗುತ್ತದೆ, ಮುರಿದ ಮೂಳೆಯೂ ಕೂಡುತ್ತದೆ. ಹೈಸ್ಕೂಲಿನಲ್ಲಿ ಕುಂಟಾಬಿಲ್ಲೆ ಆಡಿದ ಮೂರು ಮಿಲಿಮೀಟರೇ ಎಪ್ಪತ್ತರಲ್ಲೂ ದಿನದ 390 ಟನ್ನಿಗೆ ಹೆಗಲು ಕೊಡುತ್ತಿರುತ್ತದೆ.

ಹಾಗಾಗಿ ಮಂಡಿ ಸವೆಯುವುದರಲ್ಲಿ ಅಚ್ಚರಿಯಿಲ್ಲ. ಅಷ್ಟು ವರ್ಷ ಸವೆಯದೇ ಉಳಿದದ್ದೇ ಅಚ್ಚರಿ.

ಸವೆದವರ ಸಂಖ್ಯೆಯೂ ಸಣ್ಣದಲ್ಲ. ಜಗತ್ತಿನಲ್ಲಿ 2020ರಲ್ಲಿ ಅಸ್ಥಿಸಂಧಿವಾತ, ಅಂದರೆ ಕೀಲುಸವೆತ, ಇದ್ದವರು 59.5 ಕೋಟಿ ಎಂದು ಅಂದಾಜು. ಅದರ ಮೊದಲ ಗುರಿ ಮಂಡಿ. ಭಾರತದಲ್ಲಿ ಅಸ್ಥಿಸಂಧಿವಾತ ಇದ್ದವರು 1990ರಲ್ಲಿ 2.3 ಕೋಟಿ, 2019ಕ್ಕೆ 6.2 ಕೋಟಿ. ಬೆಂಗಳೂರು, ಪುಣೆ, ಕೋಲ್ಕತ್ತ, ಆಗ್ರಾ, ಡೆಹ್ರಾಡೂನ್‌ಗಳ ಸುತ್ತ ಸುಮಾರು ಐದು ಸಾವಿರ ಜನರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 28.7 ಮಂದಿಗೆ ಮಂಡಿಸವೆತವಿತ್ತು. ಹೆಚ್ಚು ಆಯಸ್ಸು, ಹೆಚ್ಚು ತೂಕ ಎಂದು ಇಷ್ಟಕ್ಕೆ ಮುಗಿಸುವಂತಿಲ್ಲ. ಹಾರ್ವರ್ಡ್ ಸಂಶೋಧಕರು ಎರಡೂವರೆ ಸಾವಿರದಷ್ಟು ಅಮೆರಿಕದ ಅಸ್ಥಿಪಂಜರಗಳನ್ನು ಪರೀಕ್ಷಿಸಿದಾಗ, ಇತಿಹಾಸಪೂರ್ವದ ಬೇಟೆಗಾರರಲ್ಲಿ ಮತ್ತು ಆರಂಭಿಕ ರೈತರಲ್ಲಿ ಶೇ. 8 ಇದ್ದ ಮಂಡಿಸವೆತ ಇತ್ತೀಚಿನವರಲ್ಲಿ ಶೇ. 16. ವಯಸ್ಸು, ತೂಕ ಎರಡನ್ನೂ ಸರಿದೂಗಿಸಿದ ಮೇಲೂ ಇಪ್ಪತ್ತನೇ ಶತಮಾನದ ನಡುವಿನಿಂದೀಚೆಗೆ ರೋಗ ಇಮ್ಮಡಿಯಾಗಿರುವುದು ಕಂಡಿತು. ನಡೆದು ನಡೆದು ಸವೆಯಿತು ಎನ್ನುವ ಮಾತಿಗೆ, ದಿನವಿಡೀ ನಡೆಯುತ್ತಿದ್ದ ಆ ಪೂರ್ವಜರ ಮೂಳೆಗಳು ಒಪ್ಪುವುದಿಲ್ಲ.

ಟನ್ನುಗಳ ಲೆಕ್ಕ ಹೆದರಿಸಲಿಕ್ಕಷ್ಟೇ ಅಲ್ಲ, ಉಪಾಯಕ್ಕೂ ಬರುತ್ತದೆ. ತೂಕ ಹೆಚ್ಚಿರುವ, ಮಂಡಿ ಸವೆದ ಹಿರಿಯರ ಮೇಲೆ ಅಮೆರಿಕದಲ್ಲಿ ನಡೆದ 2005ರ ಅಧ್ಯಯನದಲ್ಲಿ, ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ನಾಲ್ಕು ಕಿಲೋ ಇಳಿಯುವುದು ಕಂಡಿತು. 2,500 ಹೆಜ್ಜೆಗೆ ಗುಣಿಸಿ: ದಿನಕ್ಕೆ ಹತ್ತು ಟನ್. ಐದು ಕಿಲೋ ಇಳಿಸಿದವರ ಮಂಡಿಗೆ ದಿನಕ್ಕೆ ಐವತ್ತು ಟನ್ ರಜೆ. ನೀರಿನಂಥ ಮುಲಾಮಿಗೆ, ಲೆಕ್ಕವಿಲ್ಲದ ಮಾತ್ರೆಗೆ ದುಡ್ಡು ಸುರಿಯುವ ನಾವು ಈ ಐವತ್ತು ಟನ್ನನ್ನು ಗಣಿಸುವುದೇ ಇಲ್ಲ.

ಇನ್ನು ಎಕ್ಸ್‌ರೇ. ‘ಗ್ಯಾಪ್ ಪೂರ್ತಿ ಹೋಗಿದೆ, ಗ್ರೇಡ್ ನಾಲ್ಕು’ ಎಂದ ಕೂಡಲೇ ಮನೆಮಂದಿಯೆಲ್ಲ ಆಪರೇಷನ್ನಿನ ದಿನ ಗೊತ್ತು ಮಾಡಲು ಪಂಚಾಂಗ ತೆಗೆಯುತ್ತಾರೆ. ಸೊನ್ನೆಯಿಂದ ನಾಲ್ಕರವರೆಗಿನ ಈ ದರ್ಜೆ 1957ರಿಂದ ಬಳಕೆಯಲ್ಲಿದೆ. ಅದು ಅಳೆಯುವುದು ಮೂಳೆಗಳ ನಡುವಿನ ಜಾಗವನ್ನು, ಮೂಳೆಯ ಅಂಚಿನ ಮುಳ್ಳನ್ನು. ನೋವು ಎಕ್ಸ್‌ರೇಯಲ್ಲಿ ಬೀಳುವುದಿಲ್ಲ. ಗ್ರೇಡ್ ಮೂರಿನವರು ಜಾತ್ರೆ ಸುತ್ತಿ ಬರುವುದೂ ಉಂಟು, ಗ್ರೇಡ್ ಎರಡಿನವರು ರಾತ್ರಿ ನಿದ್ದೆಗೆಡುವುದೂ ಉಂಟು. ‘ಸಣ್ಣ ತೂತು ಹಾಕಿ ತೊಳೆದರೆ ಸರಿಹೋಗುತ್ತದೆ’ ಎಂಬ ಭರವಸೆಗೂ ಒಂದು ಅಂಕಿಯ ಉತ್ತರವಿದೆ. ಅಮೆರಿಕದ ಹ್ಯೂಸ್ಟನ್ನಿನಲ್ಲಿ 180 ಮಂದಿ ಮಂಡಿನೋವಿನವರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಚರ್ಮ ಮಾತ್ರ ಕೊಯ್ದು ಹೊಲಿದರು. ಎರಡು ವರ್ಷವಾದರೂ ನಿಜವಾಗಿ ಕೀಲು ತೊಳೆಸಿಕೊಂಡವರಿಗೂ, ಬರೀ ಹೊಲಿಗೆ ಬಿದ್ದವರಿಗೂ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದು 2002ರ ವರದಿ.

ಮಂಡಿಯನ್ನೇ ಬದಲಿಸುವ ಕತೆ ಬೇರೆ. 1890ರಲ್ಲಿ ಬರ್ಲಿನ್ನಿನ ಥೆಮಿಸ್ಟೊಕ್ಲಿಸ್ ಗ್ಲುಕ್ ಕ್ಷಯ ತಗುಲಿದ ಮಂಡಿಗೆ ಆನೆದಂತದ ಕೀಲು ಕೂರಿಸಿದ. ಸೋಂಕಿನಿಂದ ಆ ಪ್ರಯತ್ನಗಳು ಸೋತವು. ಇಂದಿನ ಮಂಡಿಗಳ ಮೂಲಪುರುಷ ಎನ್ನಬಹುದಾದ ಕೀಲು ಬಳಕೆಗೆ ಬಂದದ್ದು 1974ರಲ್ಲಿ, ನ್ಯೂಯಾರ್ಕಿನಲ್ಲಿ. ಅದನ್ನು ರೂಪಿಸಿದ ತಂಡದಲ್ಲಿ ಜಾನ್ ಇನ್ಸಾಲ್ ಜೊತೆ ಮಧ್ಯಪ್ರದೇಶ ಮೂಲದ ಚಿತ್ತರಂಜನ್ ರಾಣಾವತ್ ಇದ್ದರು. ಇದೇ ರಾಣಾವತ್ 2000ದ ಅಕ್ಟೋಬರಿನಲ್ಲಿ ಮುಂಬೈಗೆ ಬಂದು ಪ್ರಧಾನಿ ವಾಜಪೇಯಿ ಅವರ ಎಡ ಮಂಡಿಯನ್ನು, 2001ರ ಜೂನಿನಲ್ಲಿ ಬಲ ಮಂಡಿಯನ್ನು ಬದಲಿಸಿದರು. ಮಂಡಿ ಆಪರೇಷನ್ ಎಂಬುದು ನಮ್ಮ ಹಳ್ಳಿಯ ಜಗುಲಿಗಳ ಮಾತಿಗೂ ಬಂದದ್ದು ಆಗಲೇ.

ಜಗುಲಿಗೆ ಬಂದರೂ ಜೇಬಿಗೆ ಬರಲಿಲ್ಲ. ಕೋಬಾಲ್ಟ್-ಕ್ರೋಮಿಯಂ ಮಂಡಿಯ ಸರಾಸರಿ ಗರಿಷ್ಠ ಬೆಲೆ 1,58,324 ರೂಪಾಯಿ ಇತ್ತು. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಅದಕ್ಕೆ 54,720 ರೂಪಾಯಿಯ ಮಿತಿ ಹಾಕಿತು; ತೆರಿಗೆ ಬೇರೆ. ಅದನ್ನು ಪ್ರಕಟಿಸಿದವರು ಆಗ ರಸಗೊಬ್ಬರ ಮತ್ತು ರಾಸಾಯನಿಕ ಸಚಿವರಾಗಿದ್ದ ಬೆಂಗಳೂರಿನ ಅನಂತಕುಮಾರ್. ವರ್ಷಕ್ಕೆ ಒಂದರಿಂದ ಒಂದೂವರೆ ಲಕ್ಷ ಮಂಡಿಗಳು ಬದಲಾಗುತ್ತಿದ್ದ ದೇಶದಲ್ಲಿ ರೋಗಿಗಳಿಗೆ ವರ್ಷಕ್ಕೆ 1,500 ಕೋಟಿ ರೂಪಾಯಿ ಉಳಿಯುತ್ತದೆ ಎಂಬುದು ಸರ್ಕಾರದ ಲೆಕ್ಕವಾಗಿತ್ತು. ಮಿತಿ ಬಿದ್ದದ್ದು ಲೋಹದ ಬೆಲೆಗೆ ಮಾತ್ರ. ಆಪರೇಷನ್ ಕೊಠಡಿ, ಅರಿವಳಿಕೆ, ವಾರ್ಡು, ಫಿಜಿಯೋಥೆರಪಿಯ ಬಿಲ್ಲು ಆಯಾ ಆಸ್ಪತ್ರೆಗೆ ಬಿಟ್ಟದ್ದು.

ಹಾಕಿಸಿಕೊಂಡ ಮಂಡಿ ಎಷ್ಟು ದಿನ ಬರುತ್ತದೆ? ಹತ್ತು, ಹದಿನೈದು ವರ್ಷ ಎಂಬ ಮಾತು ಈಗಲೂ ಓಡಾಡುತ್ತಿದೆ. ಆಸ್ಟ್ರೇಲಿಯ, ಫಿನ್ಲೆಂಡ್‌ಗಳ ದಾಖಲೆಗಳನ್ನು ಒಟ್ಟುಗೂಡಿಸಿ 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದ ಲೆಕ್ಕದಲ್ಲಿ ನೂರಕ್ಕೆ 82 ಪೂರ್ಣ ಮಂಡಿಗಳು 25 ವರ್ಷ ಬಾಳಿದ್ದವು. ಆದರೆ ಯಾವ ವಯಸ್ಸಿನಲ್ಲಿ ಹಾಕಿಸಿಕೊಂಡಿರಿ ಎಂಬುದು ದೊಡ್ಡ ಮಾತು. ಬ್ರಿಟನ್ನಿನ ದಾಖಲೆಗಳ ಪ್ರಕಾರ ಎಪ್ಪತ್ತರಲ್ಲಿ ಹಾಕಿಸಿಕೊಂಡವರಿಗೆ ಉಳಿದ ಆಯಸ್ಸಿನಲ್ಲಿ ಮತ್ತೆ ಆಪರೇಷನ್ ಬೇಕಾಗುವ ಸಾಧ್ಯತೆ ಶೇ. 5ರೊಳಗೆ. ಐವತ್ತರ ಆರಂಭದಲ್ಲಿರುವ ಗಂಡಸರಿಗೆ ಶೇ. 35, ಅದೇ ವಯಸ್ಸಿನ ಹೆಂಗಸರಿಗೆ 20ರ ಆಸುಪಾಸು. ಎರಡನೇ ಸಲದ ಆಪರೇಷನ್ ಮೊದಲನೆಯದಕ್ಕಿಂತ ಕಷ್ಟದ್ದು, ಮೂಳೆಯೂ ಕಡಿಮೆ ಉಳಿದಿರುತ್ತದೆ. ಒಂದೇ ಲೋಹ, ಒಂದೇ ಕೈ. ಆದರೂ ಐವತ್ತೆರಡರ ಮಗನಿಗೆ ‘ಇನ್ನಷ್ಟು ದಿನ ನೋಡೋಣ’ ಎನ್ನುವ ವೈದ್ಯರು ಎಪ್ಪತ್ತೆರಡರ ತಾಯಿಗೆ ‘ಮಾಡಿಸಿಬಿಡಿ’ ಎನ್ನುವುದು ಇದಕ್ಕೇ.

ಇನ್ನೊಂದು ಅಂಕಿಯನ್ನು ಜಾಹೀರಾತಿನ ಫಲಕಗಳು ಹೇಳುವುದಿಲ್ಲ. ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಐವರಲ್ಲಿ ಸುಮಾರು ಒಬ್ಬರು ಆಪರೇಷನ್ನಿನ ಫಲಿತದಿಂದ ತೃಪ್ತರಾಗಿಲ್ಲ. ಡೆನ್ಮಾರ್ಕಿನಲ್ಲಿ ಆಪರೇಷನ್ನಿಗೆ ಅರ್ಹರಾದ ನೂರು ಮಂದಿಯನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಐವತ್ತು ಮಂದಿಗೆ ಮಂಡಿ ಬದಲಿಸಿ ಮೇಲೆ ವ್ಯಾಯಾಮ. ಉಳಿದ ಐವತ್ತು ಮಂದಿಗೆ ಹನ್ನೆರಡು ವಾರದ ವ್ಯಾಯಾಮ, ಪಥ್ಯ, ತಿಳಿವಳಿಕೆ, ನೋವಿನ ಮಾತ್ರೆ ಅಷ್ಟೇ. ವರ್ಷದ ಕೊನೆಗೆ ನೂರರ ಮಾಪನದಲ್ಲಿ ಆಪರೇಷನ್ ಗುಂಪು 32.5 ಅಂಕ ಸುಧಾರಿಸಿತ್ತು, ಇನ್ನೊಂದು ಗುಂಪು 16. ಗೆಲುವು ಆಪರೇಷನ್ನಿನದೇ, ಅದೂ ಇಮ್ಮಡಿ. ಆದರೆ ಗಂಭೀರ ತೊಂದರೆಗಳು ಆ ಕಡೆ 24, ಈ ಕಡೆ 6. ಮತ್ತು ಆಪರೇಷನ್ ಇಲ್ಲದ ಐವತ್ತರಲ್ಲಿ ವರ್ಷದೊಳಗೆ ‘ನಮಗೂ ಮಾಡಿಬಿಡಿ’ ಎಂದು ಬಂದವರು 13 ಮಂದಿ ಮಾತ್ರ.

ನಮ್ಮ ಕಡೆಯವರು ಕೇಳಲೇಬೇಕಾದ ಲೆಕ್ಕ ಡಿಗ್ರಿಗಳದು. ನಡೆಯಲು ಮಂಡಿ 67 ಡಿಗ್ರಿ ಬಾಗಿದರೆ ಸಾಕು. ಮೆಟ್ಟಿಲಿಗೆ 83, ಕುರ್ಚಿಗೆ 93. ಬದಲಿಸಿದ ಮಂಡಿ ಸಾಮಾನ್ಯವಾಗಿ 110ರಿಂದ 120ರವರೆಗೆ ಬಾಗುತ್ತದೆ. ಕುರ್ಚಿಯ ಬದುಕಿಗೆ ಅದು ಧಾರಾಳ. ಕುಕ್ಕರಗಾಲಲ್ಲಿ ಕೂತು ಕಳೆ ಕೀಳಲು, ಹಳೆಯ ನಮೂನೆಯ ಕಕ್ಕಸಿಗೆ, ಈಳಿಗೆ ಮಣೆಗೆ 130 ದಾಟಬೇಕು. ಮಂಡಿಯೂರಿ ನಮಸ್ಕರಿಸುವುದು, ನಮಾಜು ಮಾಡುವುದು ಕೂಡ ಬಹಳ ಮಂದಿಗೆ ಮೊದಲಿನಂತೆ ಆಗುವುದಿಲ್ಲ. ಹೊಲದ ಕೆಲಸದವಳಿಗೆ ಇದನ್ನು ಮೊದಲೇ ಹೇಳದೆ ಆಪರೇಷನ್ ಮಾಡಿದರೆ, ನೋವು ಹೋದರೂ ಅವಳು ಅತೃಪ್ತರ ಪಟ್ಟಿಗೆ ಸೇರುತ್ತಾಳೆ.

ಹಾಗೆಂದು ತಳ್ಳುತ್ತಲೇ ಹೋಗುವುದಕ್ಕೂ ಬೆಲೆಯಿದೆ. ಆಪರೇಷನ್ನಾದ ಮೊದಲ ತಿಂಗಳಲ್ಲಿ ತೊಡೆಯ ಮುಂಭಾಗದ ಸ್ನಾಯು ಶೇ. 60ರಷ್ಟು ಬಲ ಕಳೆದುಕೊಳ್ಳುವುದನ್ನು ಅಳೆದು ನೋಡಿದ್ದಾರೆ. ನೋವಿಗೆ ಹೆದರಿ ವರ್ಷಗಟ್ಟಲೆ ಮಂಚ ಹಿಡಿದವರ ಸ್ನಾಯು ಆ ವೇಳೆಗಾಗಲೇ ಬತ್ತಿರುತ್ತದೆ. ಕಳೆದುಕೊಳ್ಳಲೂ ಅಲ್ಲಿ ಬಂಡವಾಳ ಉಳಿದಿರುವುದಿಲ್ಲ. ಹನ್ನೆರಡು ವಾರ ಮನಸ್ಸಿಟ್ಟು ವ್ಯಾಯಾಮ ಮಾಡಿದರೆ ಎರಡರಲ್ಲೊಂದು ಲಾಭ ಖಂಡಿತ: ಆಪರೇಷನ್ ಮುಂದಕ್ಕೆ ಹೋಗುತ್ತದೆ, ಇಲ್ಲವೇ ಅದಕ್ಕೆ ಬೇಕಾದ ತೊಡೆ ಸಿದ್ಧವಾಗುತ್ತದೆ.

ಎಂಬತ್ತೆರಡು, ಐದು, ಮೂವತ್ತೈದು ಎಲ್ಲ ಸಾವಿರಾರು ಮಂದಿಯ ಸರಾಸರಿ. ಅವನ್ನು ವೈದ್ಯರು ಹೇಳುತ್ತಾರೆ. ವೈದ್ಯರಿಗೆ ನಾವು ಒಯ್ದು ಕೊಡಬೇಕಾದ ಅಂಕಿಗಳು ಬೇರೆ: ವಾರದಲ್ಲಿ ಎಷ್ಟು ರಾತ್ರಿ ನೋವು ಎಬ್ಬಿಸಿತು, ಕೂರದೆ ಎಷ್ಟು ದೂರ ನಡೆದೆ, ಮಾತ್ರೆಯಿಲ್ಲದೆ ಎಷ್ಟು ದಿನ ಕಳೆದೆ, ಯಾರ ಮನೆಯ ಮದುವೆಗೆ ಮೆಟ್ಟಿಲಿಗೆ ಹೆದರಿ ಹೋಗಲಿಲ್ಲ. ವ್ಯಾಯಾಮ ಮಾಡಿಯೂ, ತೂಕ ಇಳಿಸಿಯೂ ಈ ಪಟ್ಟಿ ತಿಂಗಳಿಂದ ತಿಂಗಳಿಗೆ ಹದಗೆಡುತ್ತಿದ್ದರೆ, ವಯಸ್ಸು ಅರವತ್ತೈದು ದಾಟಿದ್ದರೆ, ಬೇಕಾಗಿರುವುದು ಕುರ್ಚಿಯ ಎತ್ತರದ ಬದುಕಾದರೆ, ಆಪರೇಷನ್ನಿನ ಕಡೆಯ ತಟ್ಟೆ ತೂಗುತ್ತದೆ. ಪಟ್ಟಿ ನಿಂತಲ್ಲೇ ನಿಂತಿದ್ದರೆ ಎಕ್ಸ್‌ರೇ ಎಷ್ಟೇ ಕೆಟ್ಟದಾಗಿ ಕಂಡರೂ ಅವಸರವಿಲ್ಲ. ಮಂಡಿ ಬದಲಾವಣೆ ಇಂದೇ ಆಗದಿದ್ದರೆ ಜೀವ ಹೋಗುವ ಆಪರೇಷನ್ ಅಲ್ಲ, ಮೂರು ತಿಂಗಳು ಬಿಟ್ಟು ಮತ್ತೆ ಅಳೆಯಬಹುದು.